ಮೂರೂವರೆ ಇಂಚಿನ ಅಂಗಳ

ಕಾಸರಗೋಡಿನ ಕಡೆ ಟೈಲ್ ಎಂದರೆ ನೆಲಕ್ಕೆ ಹಾಸುವುದು, ಇಲ್ಲವೇ ಬಚ್ಚಲ ಗೋಡೆಗೆ ಅಂಟಿಸುವುದು. ಮಾಡಿಗೆ ಹೊದೆಸುವುದು ಹಂಚು. 1865ರಲ್ಲಿ ಬಾಸೆಲ್ ಮಿಷನಿನವರು ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಈ ಹಂಚು ಮುಳಿಹುಲ್ಲನ್ನೂ ತೆಂಗಿನ ಮಡಲನ್ನೂ ಮಾಡಿನಿಂದ ಮೆಲ್ಲಗೆ ಕೆಳಗಿಳಿಸಿತು. ನೆಲದ ಟೈಲ್, ಮಾಡಿನ ಹಂಚು, ಇವೆರಡರ ನಡುವೆ ಈಗ ಮೂರನೆಯದೊಂದು ಬಂದಿದೆ: ಪೆನ್ನಿನ ಸಣ್ಣ ಗೆರೆಗಳಿಂದ ಚಿತ್ರ ತುಂಬುವ, ಅಂಗಿಯ ಕಿಸೆಯಲ್ಲಿ ಹಿಡಿಯುವ ಕಾಗದದ ಟೈಲ್. ಸ್ಟೇಷನರಿ ಅಂಗಡಿಯಲ್ಲಿ ಆ ಹೆಸರು ಹೇಳಿ ಕೇಳಿದರೆ ಎದುರಿನ ಹಾರ್ಡ್‌ವೇರ್ ಅಂಗಡಿಯ ಕಡೆ ಕೈ ತೋರಿಸಿಯಾರು. ಆದ್ದರಿಂದ ಡ್ರಾಯಿಂಗ್ ಶೀಟ್ ಕೇಳಿ ತಂದು ಮನೆಯಲ್ಲೇ ಕತ್ತರಿಸಿಕೊಳ್ಳುವುದು ಕ್ಷೇಮ.

ಈ ಚಿತ್ರಕ್ರಮಕ್ಕೆ ಝೆಂಟ್ಯಾಂಗಲ್ ಎಂದು ಹೆಸರು. ಅಮೆರಿಕದ ಮ್ಯಾಸಚೂಸೆಟ್ಸಿನ ರಿಕ್ ರಾಬರ್ಟ್ಸ್ ಮತ್ತು ಮರಿಯಾ ಥಾಮಸ್ ಸೇರಿ ರೂಪಿಸಿದ್ದು. ಆಕೆ ಅಕ್ಷರಗಳನ್ನು ಅಲಂಕರಿಸಿ ಬರೆಯುವ ಕಲಾವಿದೆ. ಆತ ಹಿಂದೆ ಸನ್ಯಾಸಿಯಂತೆ ಬದುಕಿದ್ದವರು. ದೊಡ್ಡ ಅಕ್ಷರದ ಹಿನ್ನೆಲೆಗೆ ಒಂದೇ ಬಗೆಯ ಸಣ್ಣ ಗೆರೆಗಳನ್ನು ಮತ್ತೆ ಮತ್ತೆ ಎಳೆಯುತ್ತ ಆಕೆ ಮೈಮರೆತದ್ದನ್ನು ಕಂಡು, ಇದೂ ಒಂದು ಧ್ಯಾನವೇ ಎಂದು ಆತನಿಗೆ ಹೊಳೆಯಿತಂತೆ. ಹೆಸರಿನ ಮೊದಲ ತುಂಡು ಮಾತ್ರ ನಮ್ಮದೇ ಸರಕು. ಸಂಸ್ಕೃತದ ಧ್ಯಾನ ಚೀನಕ್ಕೆ ಹೋಗಿ ಚಾನ್ ಆಯಿತು, ಜಪಾನಿಗೆ ಹೋಗಿ ಝೆನ್ ಆಯಿತು. ಈಗ ಅಮೆರಿಕ ಸುತ್ತಿ, ಒಂದು ಕಪ್ಪು ಪೆನ್ನನ್ನೂ ಕೈಯಲ್ಲಿ ಹಿಡಿದುಕೊಂಡು, ಊರಿಗೆ ಮರಳಿದೆ.

ಮರಳಿ ಬಂದದ್ದು ಹದವಾದ ಊರಿಗೇ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಕಡೆ, ಜೂನಿನಿಂದ ಸೆಪ್ಟೆಂಬರಿನವರೆಗೆ ಅಂಗಳದಲ್ಲಿ ರಂಗೋಲಿ ನಿಲ್ಲುವುದಿಲ್ಲ. ಹುಡಿ ಬಿಟ್ಟ ಕೈ ಮೇಲೇಳುವಷ್ಟರಲ್ಲಿ ಹುಡಿ ತೋಡು ಸೇರಿರುತ್ತದೆ. ಆಗ ಜಗಲಿಯ ಚಿಟ್ಟೆಯ ಮೇಲೆ ಕೂತು ಗೆರೆಯೆಳೆಯಲು ಈ ಪುಟ್ಟ ಅಂಗಳ ಸಾಕು: ಅಗಲ ಮೂರೂವರೆ ಇಂಚು, ಉದ್ದವೂ ಅಷ್ಟೇ. ಒಂದು ಟೈಲ್ ಮುಗಿಯಲು ಹದಿನೈದು ನಿಮಿಷದಿಂದ ಅರ್ಧ ಗಂಟೆ, ಅಂದರೆ ಒಂದು ಮಳೆ ಬಂದು ಹೋಗುವಷ್ಟು ಹೊತ್ತು. ಬಿಡದೆ ಸುರಿಯುವ ಆಟಿ ತಿಂಗಳ ಮಳೆಯ ಲೆಕ್ಕವಲ್ಲ. ಆ ಲೆಕ್ಕ ಹಿಡಿದರೆ ಟೈಲುಗಳ ಕಟ್ಟೇ ಮುಗಿದೀತು. ಈ ಗಾತ್ರದ ಗುಣವೇ ಬೇರೆ. ದೊಡ್ಡ ಹಾಳೆ ಎದುರಿದ್ದರೆ ಏನು ಬರೆಯಲಿ ಎಂಬ ಅಂಜಿಕೆಯೂ ಹಾಳೆಯಷ್ಟೇ ದೊಡ್ಡದು. ಅಂಗೈಯಗಲದ ಕಾಗದಕ್ಕೆ ಅಷ್ಟು ಅಂಜುವವರು ಕಡಿಮೆ.

ಕಾಗದಕ್ಕೆ ಬರೋಣ. ಮೂಲದವರು ಬಳಸುವುದು ಇಟಲಿಯ ಹತ್ತಿ ಕಾಗದ. ದಪ್ಪ, ಮೈ ತುಸು ತರಿ. ನಮಗೆ 200ರಿಂದ 300 ಜಿಎಸ್‌ಎಮ್ (ಚದರ ಮೀಟರಿಗೆ ಇಷ್ಟು ಗ್ರಾಂ) ತೂಕದ ಡ್ರಾಯಿಂಗ್ ಕಾಗದ ಧಾರಾಳ. ಅಳತೆಯನ್ನು 9 ಸೆಂಟಿಮೀಟರಿಗೆ ಹೊಂದಿಸಿಕೊಂಡರೆ ಎ4 ಹಾಳೆಯಲ್ಲಿ ಆರು, ಎ3 ಹಾಳೆಯಲ್ಲಿ ಹನ್ನೆರಡು ಟೈಲ್ ಸಿಗುತ್ತವೆ. ಪಕ್ಕದಲ್ಲಿ ಉಳಿಯುವ ಮೂರು ಸೆಂಟಿಮೀಟರಿನ ಪಟ್ಟಿಯನ್ನು ಎಸೆಯಬೇಡಿ, ಪೆನ್ನು ಪರೀಕ್ಷಿಸಲಿಕ್ಕೂ ಹೊಸ ನಮೂನೆ ಅಭ್ಯಾಸ ಮಾಡಲಿಕ್ಕೂ ಅದೇ ಬೇಕಾಗುತ್ತದೆ. ಜೆರಾಕ್ಸ್ ಕಾಗದ ಬೇಡ. ಅದರ ಮೈ ನುಣುಪು, ಪೆನ್ಸಿಲಿನ ಹುಡಿಗೆ ಹಿಡಿದು ನಿಲ್ಲಲು ಜಾಗವಿಲ್ಲ. ಎರಡು ಸಲ ತಿಕ್ಕಿದರೆ ಜುಂಗು ಏಳುತ್ತದೆ. ಮನೆಯಲ್ಲಿ ರಾಶಿ ಬಿದ್ದಿರುವ ಮದುವೆಯ ಹೇಳಿಕೆ ಕಾಗದಗಳ ಮೇಲೆ ಎಲ್ಲರ ಕಣ್ಣೂ ಬೀಳುತ್ತದೆ. ಮಿರಮಿರ ಮಿಂಚುವ ಬದಿ ಶಾಯಿಯನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹಿಂಬದಿ ಖಾಲಿಯಾಗಿ, ಹೊಳಪಿಲ್ಲದೆ ಇದ್ದರೆ ಆದೀತು. ವಧೂವರರ ಅಡ್ಡಿಯಿರಲಾರದು.

ಪೆನ್ನಿನ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಜಪಾನಿನ ಸಕುರಾ ಕಂಪೆನಿಯ ಪಿಗ್ಮಾ ಮೈಕ್ರಾನ್ 01, ಗೆರೆಯ ದಪ್ಪ ಕಾಲು ಮಿಲಿಮೀಟರ್. ಅದರ ಶಾಯಿ ಬಣ್ಣದ ಕಣಗಳಿಂದ ಆದದ್ದು. ಒಣಗಿದ ಮೇಲೆ ನೀರಿಗೂ ಜಗ್ಗುವುದಿಲ್ಲ. ಬಾಲ್‌ಪೆನ್ನು ಅಲ್ಲಲ್ಲಿ ಮುದ್ದೆ ಕಕ್ಕುತ್ತದೆ. ಜೆಲ್ ಪೆನ್ನು ಬರೆಯುವಾಗ ಚೆಂದ, ಆದರೆ ಒಣಗಿತೆಂದು ನಂಬಿ ಮೇಲೆ ಪೆನ್ಸಿಲು ತಿಕ್ಕಿದರೆ ಕಾಡಿಗೆ ಕದಡಿದ ಕಣ್ಣಿನಂತೆ ಕಾಣುತ್ತದೆ. ಮೈಕ್ರಾನಿನ ಶತ್ರು ಒತ್ತುವ ಕೈ. ತುದಿ ಪ್ಲಾಸ್ಟಿಕ್ಕಿನದು, ಒತ್ತಿದರೆ ಒಳಗೆ ಕೂತುಬಿಡುತ್ತದೆ, ಆಮೇಲೆ ಲೋಹದ ಕೊಳವೆ ಕಾಗದವನ್ನು ಗೀರುತ್ತದೆ. ಪೆನ್ಸಿಲಿನ ಹುಡಿಯ ಮೇಲೆ ಓಡಿಸಿದರೂ ತುದಿ ಕಟ್ಟಿಕೊಳ್ಳುತ್ತದೆ. ಹಾಗಾಗಿ ಶಾಯಿ ಮೊದಲು, ಪೆನ್ಸಿಲಿನ ನೆರಳು ಆಮೇಲೆ. ಕಪ್ಪು ತುಂಬುವ ಜಾಗ ಹೆಚ್ಚಿದ್ದರೆ 01ರಲ್ಲಿ ಗೀಚುತ್ತ ಕೂರುವ ಬದಲು ಇನ್ನೂ ದಪ್ಪ ಗೆರೆಯ 05 ಅಥವಾ 08 ಇರಲಿ.

ಆರಂಭ ಸರಳ. ನಾಲ್ಕು ಮೂಲೆಗಳಲ್ಲಿ, ಅಂಚಿನಿಂದ ಅರ್ಧ ಸೆಂಟಿಮೀಟರ್ ಒಳಗೆ, ಪೆನ್ಸಿಲಿನಲ್ಲಿ ಒಂದೊಂದು ಚುಕ್ಕಿ. ಸ್ಕೇಲ್ ಇಲ್ಲದೆ ಅವನ್ನು ಸೇರಿಸಿದರೆ ಚೌಕಟ್ಟು, ಡೊಂಕಾದರೆ ಆಗಲಿ. ಒಳಗೆ ಮನಬಂದಂತೆ ಒಂದು ಬಳುಕು ಗೆರೆ. ಮೂಲದವರು ಇದನ್ನು ಸ್ಟ್ರಿಂಗ್ ಎನ್ನುತ್ತಾರೆ, ದಾರ ಎಂದರೂ ನಡೆಯುತ್ತದೆ. ಅದು ಟೈಲನ್ನು ಮೂರೋ ನಾಲ್ಕೋ ಕೋಣೆಗಳಾಗಿ ಒಡೆಯುತ್ತದೆ. ಗದ್ದೆಗೆ ಬದು ಹಾಕಿದ ಹಾಗೆ. ಪ್ರತಿ ಕೋಣೆಯಲ್ಲಿ ಒಂದೊಂದು ಬೆಳೆ. ದಾರವನ್ನು ಅಳಿಸುವುದಿಲ್ಲ, ನಮೂನೆಗಳ ನಡುವೆ ಅದು ತಾನಾಗಿ ಕರಗುತ್ತದೆ. ಆದರೆ ಪೆನ್ಸಿಲನ್ನು ಒತ್ತಿ ಎಳೆದರೆ ಕಾಗದದಲ್ಲಿ ಚಡಿ ಬೀಳುತ್ತದೆ. ಕೊನೆಯಲ್ಲಿ ನೆರಳು ತಿಕ್ಕುವಾಗ ಆ ಚಡಿ ಚಾಡಿ ಹೇಳುತ್ತದೆ.

ರಂಗೋಲಿಯಿಂದ ಇದು ಬೇರೆಯಾಗುವುದು ಇಲ್ಲೇ. ಹದಿನೈದರಿಂದ ಎಂಟು, ನಡು ಚುಕ್ಕಿ ಎಂದರೆ ರಂಗೋಲಿಯ ಹಣೆಬರಹ ಚುಕ್ಕಿಯಿಟ್ಟಾಗಲೇ ನಿಶ್ಚಯ. ಒಂದು ಚುಕ್ಕಿ ತಪ್ಪಿದರೆ ಬಳ್ಳಿ ಮನೆ ಸೇರುವುದಿಲ್ಲ. ಟೈಲಿನಲ್ಲಿ ಕೊನೆಯ ರೂಪ ಯಾರಿಗೂ ಮೊದಲೇ ಗೊತ್ತಿರುವುದಿಲ್ಲ, ಎಳೆಯುವ ಕೈಗೂ. ಗೊತ್ತಿರಬೇಕಾದದ್ದು ಐದೇ: ಚುಕ್ಕಿ, ನೆಟ್ಟ ಗೆರೆ, ಬಿಲ್ಲು, ಹಾವು, ಸೊನ್ನೆ. ಎಷ್ಟೇ ಜಟಿಲವಾಗಿ ಕಂಡ ನಮೂನೆಯೂ ಬಿಡಿಸಿದರೆ ಇವುಗಳಲ್ಲಿ ಎರಡು ಮೂರಕ್ಕೆ ಇಳಿಯುತ್ತದೆ.

ಪ್ಯಾರಡಾಕ್ಸ್ ಎಂಬ ನಮೂನೆಯನ್ನು ನೋಡಿ. ಒಂದು ತ್ರಿಕೋನ. ಒಂದು ಮೂಲೆಯಿಂದ ಹೊರಟು ಮುಂದಿನ ಮೂಲೆಯ ಕಡೆಗೆ ನೆಟ್ಟ ಗೆರೆ, ಆದರೆ ಮೂಲೆ ಮುಟ್ಟದೆ ಒಂದೂವರೆ ಎರಡು ಮಿಲಿಮೀಟರ್ ಈಚೆಗೆ ಎದುರಿನ ಬದಿಯನ್ನು ಮುಟ್ಟಬೇಕು. ಅಲ್ಲಿಂದ ಅದೇ ಲೆಕ್ಕದಲ್ಲಿ ಮುಂದಿನದರ ಕಡೆಗೆ. ಹೀಗೆ ಒಂದೇ ದಿಕ್ಕಿನಲ್ಲಿ ಸುತ್ತುತ್ತ ಹೋದರೆ ಒಳಗಿನ ತ್ರಿಕೋನ ಕಿರಿದಾಗಿ, ನೆಟ್ಟ ಗೆರೆಗಳಷ್ಟೇ ಇದ್ದರೂ ಶಂಖದ ಸುರುಳಿ ಕಾಣುತ್ತದೆ. ಕೆಡುವುದು ಎರಡು ಕಾರಣಕ್ಕೆ. ಸುರುಳಿ ಕಾಣತೊಡಗಿದೊಡನೆ ಕೈ ಗೆರೆಯನ್ನು ತಾನೇ ಬಾಗಿಸಲು ಹೊರಡುತ್ತದೆ. ಬಾಗಿಸಿದರೆ ಮಾಯೆ ಹರಿಯಿತು. ಇನ್ನೊಂದು, ನಡುವೆ ಕಾಫಿಗೆ ಎದ್ದು ಬಂದು ಸುತ್ತುವ ದಿಕ್ಕು ಮರೆಯುವುದು. ಪಕ್ಕದ ತ್ರಿಕೋನದಲ್ಲಿ ಬೇಕೆಂದೇ ದಿಕ್ಕು ಬದಲಿಸಿದರೆ ಬೇರೆಯದೇ ಅಲೆ ಹುಟ್ಟುತ್ತದೆ, ಆ ಮಾತು ಬೇರೆ.

ಗೆರೆ ಎಳೆಯುವಾಗ ಕೈಯನ್ನು ತಿರುಚಬಾರದು, ಟೈಲನ್ನು ತಿರುಗಿಸಬೇಕು. ಹೆರೆಮಣೆಯಲ್ಲಿ ಕಾಯಿ ಹೆರೆಯುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮಣೆಯ ನಾಲಗೆ ಅಲ್ಲೇ ಇರುತ್ತದೆ, ತಿರುಗುವುದು ಕಡಿ. ಇಲ್ಲೂ ಪೆನ್ನು ತನಗೆ ಸುಲಭವಾದ ದಿಕ್ಕಿನಲ್ಲೇ ಮೈಯ ಕಡೆಗೆ ಇಳಿಯುತ್ತದೆ, ಕಾಗದ ಸುತ್ತುತ್ತದೆ. ಟೈಲಿಗೆ ಮೇಲು ಕೆಳಗು ಇಲ್ಲದಿರುವುದಕ್ಕೆ ಇದೂ ಒಂದು ಕಾರಣ.

ಮೂಲದ ನಮೂನೆಗಳ ಹೆಸರು ಬಾಯಿಗೆ ಬಾರದಿದ್ದರೆ ಸುತ್ತ ಕಣ್ಣು ಹಾಯಿಸಿದರೆ ಸಾಕು. ಅಕ್ಕಿಮುಡಿಯ ಮೇಲೆ ಒಂದರ ಅಡಿಗೆ ಒಂದು ನುಸುಳುವ ಬೈಹುಲ್ಲಿನ ಹಗ್ಗ, ಹಾಲಿಬಾ ಎಂಬ ನಮೂನೆಯ ಅಣ್ಣನೇ ಸರಿ. ಅದರಲ್ಲಿ ಮೊದಲು ಎಳೆದ ಪಟ್ಟಿ ಎಲ್ಲಕ್ಕೂ ಮೇಲೆ. ಆಮೇಲೆ ಬಂದದ್ದು ಗೆರೆ ಎದುರಾದಲ್ಲಿ ನಿಂತು, ಆಚೆ ಬದಿಯಲ್ಲಿ ಮುಂದುವರಿಯುತ್ತದೆ. ಹೆಣೆದ ಮಡಲು ಇದೆ, ಹಲಸಿನ ಕಾಯಿಯ ಮುಳ್ಳಿದೆ, ಮುರಕಲ್ಲಿನ ತೂತುಗಳಿವೆ. ಹೋಳು ಮಾಡಿದ ಅಡಕೆಯ ಮುಖಕ್ಕಂತೂ ಸಾಟಿಯಿಲ್ಲ: ಅಂಚಿನಿಂದ ಒಳಗೆ ನುಗ್ಗುವ ಕಂದು ನರಗಳು, ನಡುವೆ ಬಿಳಿ. ಬಿಲ್ಲು ಮತ್ತು ಹಾವು ಎರಡರಲ್ಲೇ ಮುಗಿಯುತ್ತದೆ. ಎದುರು ಕಂಡದ್ದನ್ನು ಇದ್ದ ಹಾಗೇ ಬರೆಯಲು ಹೊರಟರೆ ಮಾತ್ರ ಕೆಟ್ಟಿತು. ಆಗ ಅದು ಅಡಕೆಯ ಚಿತ್ರವಾಗುತ್ತದೆ, ಹೋಲಲಿಲ್ಲ ಎಂಬ ಕೊರಗು ಹತ್ತುತ್ತದೆ. ಮರುಕಳಿಸುವ ಗೆರೆಯೊಂದನ್ನು ಮಾತ್ರ ಎತ್ತಿಕೊಂಡು ಅಡಕೆಯನ್ನು ಎಲೆತಟ್ಟೆಗೆ ಬಿಡಬೇಕು.

ಈಗ ನೆರಳು. ಅಲ್ಲಿಯವರೆಗೆ ಚಪ್ಪಟೆ ಬಿದ್ದಿದ್ದ ಕಾಗದ ಎದ್ದು ಕೂರುವುದು ಇಲ್ಲಿ. ಹೆಚ್ಚಿನ ಟೈಲುಗಳು ಹಾಳಾಗುವುದೂ ಇಲ್ಲೇ. ಶಾಯಿ ಆರಲು ಒಂದೆರಡು ನಿಮಿಷ ಬಿಡಿ, ಮಳೆಗಾಲದಲ್ಲಿ ಇನ್ನೂ ಸ್ವಲ್ಪ ಹೊತ್ತು. ತೆಂಕುತಿಟ್ಟು ಯಕ್ಷಗಾನದ ರಾಕ್ಷಸವೇಷದ ಮುಖಕ್ಕೆ ಅಕ್ಕಿಹಿಟ್ಟಿನ ಚುಟ್ಟಿ ಇಡುವವರನ್ನು ಬಣ್ಣದ ಚೌಕಿಯಲ್ಲಿ ನೋಡಿದ್ದರೆ ಕಾಯುವುದೂ ಕೆಲಸದ ಭಾಗವೆಂದು ಗೊತ್ತಿರುತ್ತದೆ. ಪೆನ್ಸಿಲು 2ಬಿ ಇರಲಿ. ಎಚ್‌ಬಿ ಗಟ್ಟಿ, ಗೀರುತ್ತದೆ, ಕಪ್ಪಾಗುವುದಿಲ್ಲ. 6ಬಿ ಬಲು ಮೆತ್ತಗೆ, ತಿಕ್ಕಿದಲ್ಲೆಲ್ಲ ಮಸಿ ಅರಿವೆ. 2ಬಿಯನ್ನು ಓರೆಯಾಗಿ ಹಿಡಿದು, ಗೆರೆಯ ಬುಡಕ್ಕೆ ಎರಡು ಮೂರು ಮಿಲಿಮೀಟರಿನ ಪಟ್ಟಿ ಮಾತ್ರ ಬಳಿದು, ಕಾಗದದ ಬತ್ತಿಯಿಂದ ಸಣ್ಣ ಸುತ್ತುಗಳಲ್ಲಿ ತಿಕ್ಕುತ್ತ ಹೊರಗೆ ಬರಬೇಕು. ಯಾವತ್ತೂ ಕಪ್ಪಿನಿಂದ ಬಿಳಿಯ ಕಡೆಗೆ. ಬಿಳಿಯಿಂದ ಹೊರಟರೆ ಬತ್ತಿಯಲ್ಲಿದ್ದ ಹಿಂದಿನ ಹುಡಿಯೆಲ್ಲ ಅಲ್ಲಿಗೇ ಮೆತ್ತುತ್ತದೆ.

ಬತ್ತಿ ಅಂಗಡಿಯಲ್ಲೂ ಸಿಗುತ್ತದೆ. ಅಚ್ಚಿಲ್ಲದ ಮೆತ್ತನೆಯ ಕಾಗದವನ್ನು ಓರೆಯಾಗಿ ಬಿಗಿದು ಸುತ್ತಿ, ತುದಿ ಚೂಪು ಮಾಡಿ, ಬುಡಕ್ಕೆ ಅಂಟಿನ ಪಟ್ಟಿ ಹಾಕಿದರೆ ಮನೆಯದ್ದೇ ಆಯಿತು. ದೇವರ ದೀಪಕ್ಕೆ ಬತ್ತಿ ಹೊಸೆದು ಪಳಗಿದ ಕೈಗೆ ಎರಡು ನಿಮಿಷದ ಕೆಲಸ. ಬೆರಳಲ್ಲಿ ತಿಕ್ಕುವವರಿದ್ದಾರೆ. ನಮ್ಮ ಊರಿನ ಬೆರಳು ಎಷ್ಟು ತೊಳೆದರೂ ತೆಂಗಿನೆಣ್ಣೆಯ ಪಸೆ ಪೂರ್ತಿ ಬಿಡುವುದಿಲ್ಲ. ಆ ಪಸೆ ಕಾಗದಕ್ಕೆ ಹತ್ತಿದಲ್ಲಿ ಹುಡಿ ಕಲೆಯಾಗಿ ಕೂರುತ್ತದೆ, ಮತ್ತೆ ಏಳುವುದಿಲ್ಲ. ಅಂಗೈಯ ಅಡಿಗೂ ಒಂದು ಚೂರು ಕಾಗದ ಇಟ್ಟುಕೊಳ್ಳಿ, ಏಪ್ರಿಲ್ ಮೇ ತಿಂಗಳ ಬೆವರಿಗಂತೂ ಖಂಡಿತ.

ನೆರಳು ಎಲ್ಲಿ? ಬೆಳಕು ಎಡದಿಂದ ಬರುತ್ತದೋ ಬಲದಿಂದಲೋ ಎಂದು ಡ್ರಾಯಿಂಗ್ ಮಾಸ್ತರರಂತೆ ಇಲ್ಲಿ ತಲೆಕೆಡಿಸಿಕೊಳ್ಳುವುದಿಲ್ಲ. ಅಡಿಗೆ ಹೋಗುವುದಕ್ಕೆ ನೆರಳು, ಮೇಲೆ ಬರುವುದಕ್ಕೆ ಬಿಳಿ. ಮುಡಿಯ ಹಗ್ಗ ಇನ್ನೊಂದರ ಅಡಿಗೆ ನುಸುಳುವ ಎರಡು ಕಡೆ ಸ್ವಲ್ಪ ಕಪ್ಪು ಬಿದ್ದರೆ ಮೇಲಿನ ಹಗ್ಗ ಉಬ್ಬಿ ಬರುತ್ತದೆ. ಪ್ಯಾರಡಾಕ್ಸಿನಲ್ಲಿ ಗೆರೆಗಳು ದಟ್ಟವಾಗಿ ಕೂಡುವ ಕಡೆ. ಸಂಕೋಚವಿರುವವರು ನೆರಳನ್ನು ಬಳಿಯುವುದೇ ಇಲ್ಲ. ಧೈರ್ಯ ಬಂದವರು ಎಲ್ಲ ಕಡೆ ಬಳಿಯುತ್ತಾರೆ. ಆಗ ಮತ್ತೆ ಎಲ್ಲವೂ ಚಪ್ಪಟೆ, ಬಿಳಿಯ ಬದಲು ಬೂದು ಬಣ್ಣದ ಚಪ್ಪಟೆ. ಟೈಲಿನ ಅರ್ಧಕ್ಕಿಂತ ಹೆಚ್ಚು ಭಾಗ ಬಿಳಿಯಾಗಿಯೇ ಉಳಿಯಲಿ.

ರಬ್ಬರ್ ಈ ಸಾಮಾನಿನ ಪಟ್ಟಿಯಲ್ಲಿ ಇಲ್ಲ. ಗೆರೆ ತಪ್ಪಿ ಆಚೆ ಹೋದರೆ, ಹೋದಲ್ಲೇ ಅದಕ್ಕೊಂದು ಜೊತೆ ಗೆರೆ ಕೊಟ್ಟು ಪಟ್ಟಿ ಮಾಡಬಹುದು, ಕಪ್ಪು ತುಂಬಿ ಮುಚ್ಚಬಹುದು, ಅಥವಾ ಅದೇ ತಪ್ಪನ್ನು ಇನ್ನೆರಡು ಕಡೆ ಮಾಡಬಹುದು. ಮೂರು ಸಲ ಮಾಡಿದ ತಪ್ಪನ್ನು ನೋಡಿದವರು ನಮೂನೆ ಎಂದೇ ಭಾವಿಸುತ್ತಾರೆ.

ಮುಗಿದ ಮೇಲೆ ಮುಂಬದಿಯಲ್ಲಿ ಮೊದಲಕ್ಷರ, ಹಿಂಬದಿಯಲ್ಲಿ ಹೆಸರು, ತಾರೀಕು. ಕೈ ನೀಡಿ ದೂರ ಹಿಡಿದು, ನಾಲ್ಕೂ ಬದಿಗೆ ತಿರುಗಿಸಿ ಒಮ್ಮೆ ನೋಡುವುದು ಕ್ರಮ. ಆಮೇಲೆ ತಗಡಿನ ಡಬ್ಬಿಗೆ, ಜೊತೆಗೆ ಚಪ್ಪಲಿ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಪೊಟ್ಟಣ ಎರಡು. ಹಾಗೇ ಹೊರಗಿಟ್ಟರೆ ಆಟಿ ಕಳೆಯುವುದರೊಳಗೆ ಬೂಷ್ಟು ಹಿಡಿಯುತ್ತದೆ. ಥಂಡಿ ಎಳೆದದ್ದನ್ನು ಬಿಸಿಲು ಕಂಡೊಡನೆ ಅಂಗಳಕ್ಕೆ ಹಾಕಬೇಡಿ, ಹಲಸಿನ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ನೆರಳಲ್ಲಿ ಆರಿಸಿ ದಪ್ಪ ಪುಸ್ತಕದ ಅಡಿಗೆ ಎರಡು ದಿನ. ನಿಘಂಟಾದರೆ ಒಂದೇ ದಿನ.