ಎರಡನೇ ಕೈ

ಹಣ ಸಂದಾಯವಾಗಿ, ಕಾಗದಗಳಿಗೆಲ್ಲ ಸಹಿ ಬಿದ್ದ ಮೇಲೆ ಮಾರುವವರು ಎದ್ದು ನಿಂತು ಕಾರಿನ ಕೀಯನ್ನು ನನ್ನ ಅಂಗೈಯಲ್ಲಿಟ್ಟರು. ನಾನು ಅಂಗೈ ಮುಚ್ಚಲಿಲ್ಲ. ಇನ್ನೊಂದು ಬರುತ್ತದೆಂದು ಹಾಗೇ ಚಾಚಿಕೊಂಡು ನಿಂತಿದ್ದೆ. ಕೈಕುಲುಕಲು ಚಾಚಿದ್ದೇನೆಂದು ತಿಳಿದ ಅವರು ಕೀ ಸಮೇತ ನನ್ನ ಕೈ ಹಿಡಿದು ಗಟ್ಟಿಯಾಗಿ ಕುಲುಕಿದರು. ಕೀಯ ಹಲ್ಲು ಅಂಗೈಗೆ ಒತ್ತಿತು.

“ಇನ್ನೊಂದು ಕೀ?” ಎಂದೆ.

“ಇನ್ನೊಂದಾ...” ಅವರು ಒಂದು ಕ್ಷಣ ಮೇಲೆ ನೋಡಿದರು. “ಇತ್ತು ಸಾರ್. ಮನೇಲೇ ಎಲ್ಲೋ ಇರಬೇಕು. ಸಿಕ್ಕಿದ ತಕ್ಷಣ ತಂದುಕೊಡ್ತೀನಿ.”

ಈ ‘ಇರಬೇಕು’ ಬಹಳ ಚಾಲಾಕಿ ಪದ. ಊಹೆಯೂ ಅದೇ, ಆಸೆಯೂ ಅದೇ. ‘ಎಲ್ಲೋ ಇರಬೇಕು’ ಎಂದುಬಿಟ್ಟರೆ ಇದೆ ಎಂದು ಭರವಸೆ ಕೊಟ್ಟಂತೆಯೂ ಆಯಿತು, ಇಲ್ಲ ಎಂದು ಒಪ್ಪಿಕೊಂಡಂತೆಯೂ ಆಯಿತು. ಕೇಳಿದವನು ಅವೆರಡರಲ್ಲಿ ತನಗೆ ಬೇಕಾದ್ದನ್ನು ಆರಿಸಿಕೊಳ್ಳಬಹುದು. ನಾನು ಭರವಸೆಯನ್ನು ಆರಿಸಿಕೊಂಡು ಕಾರು ಹತ್ತಿದೆ.

ಕೊಳ್ಳುವ ಮುಂಚೆ ಪರೀಕ್ಷೆ ಮಾಡಿರಲಿಲ್ಲವೆಂದಲ್ಲ. ಬಾನೆಟ್ ಎತ್ತಿಸಿ ಆಯಿಲ್ ಕಡ್ಡಿ ಹೊರಗೆಳೆದು ಬೆಳಕಿಗೆ ಹಿಡಿದಿದ್ದೆ. ನೆಲಕ್ಕೆ ಬಗ್ಗಿ ಅಡಿಭಾಗದಲ್ಲಿ ತುಕ್ಕು ಹುಡುಕಿದ್ದೆ. ಬಾಗಿಲುಗಳ ಬಣ್ಣ ಒಂದೇ ಛಾಯೆಯದೋ ಎಂದು ಪಕ್ಕದಿಂದ ಕಣ್ಣು ಕಿರಿದು ಮಾಡಿ ನೋಡಿದ್ದೆ. ಟೈರಿಗೂ ಒಮ್ಮೆ ಒದ್ದಿದ್ದೆ. ಒದ್ದರೆ ಏನು ತಿಳಿಯುತ್ತದೆಂದು ನನಗೆ ಇಂದಿಗೂ ಗೊತ್ತಿಲ್ಲ. ಆದರೆ ಒದೆಯದಿದ್ದರೆ ಎದುರಿನವರು ನಮ್ಮನ್ನು ಹಗುರವಾಗಿ ಕಾಣುತ್ತಾರೆ. ಇಷ್ಟೆಲ್ಲ ಮಾಡಿದವನಿಗೆ ಕೀ ಎಷ್ಟಿವೆ ಎಂದು ಎಣಿಸಬೇಕೆಂಬುದು ಮಾತ್ರ ಹೊಳೆಯಲಿಲ್ಲ. ಎಣಿಸಲು ಎರಡು ಬೆರಳು ಸಾಕಿತ್ತು.

ಕೀಗೆ ನಾವು ಬೀಗದ ಕೈ ಎನ್ನುತ್ತೇವಲ್ಲ, ಆ ಹೆಸರನ್ನು ನಾನು ಅದುವರೆಗೆ ಕಿವಿಗೊಟ್ಟು ಕೇಳಿರಲಿಲ್ಲ. ಕೈ ಎಂದ ಮೇಲೆ ಎರಡಿರಬೇಡವೇ? ನಾನು ಕೊಂಡದ್ದು ಸೆಕೆಂಡ್ ಹ್ಯಾಂಡ್ ಕಾರು. ಹೆಸರಿನಲ್ಲೇ ಎರಡನೇ ಕೈ ಇದೆ. ಕಾರಿನಲ್ಲಿ ಇಲ್ಲದ್ದು ಅದೊಂದೇ.

ಮೊದಲ ವಾರ ನಾನು ಪತ್ತೇದಾರನಾದೆ. ಹಳೆಯ ಕಾರು ಹಿಂದಿನವರ ಬದುಕಿನ ಚೂರುಪಾರುಗಳನ್ನು ಹೊತ್ತೇ ಬರುತ್ತದೆ. ಹಿಂದಿನ ಸೀಟಿನ ಸಂದಿಯಲ್ಲಿ ಬಣ್ಣದ ಬಳಪದ ತುಂಡು ಸಿಕ್ಕಿತು, ಡಿಕ್ಕಿಯಲ್ಲಿ ಯಾವುದೋ ನಾಯಿಯ ಬಿಳಿ ಕೂದಲು. ಆದರೆ ಎಲ್ಲಕ್ಕಿಂತ ಹೆಚ್ಚು ಮಾತಾಡಿದ್ದು ಆ ಒಂಟಿ ಕೀಯೇ. ಅದರ ರಿಮೋಟಿನಲ್ಲಿ ಬಾಗಿಲು ತೆರೆಯುವ ಗುಂಡಿಯ ಚಿತ್ರ ಪೂರ್ತಿ ಅಳಿಸಿಹೋಗಿತ್ತು. ಮುಚ್ಚುವ ಗುಂಡಿಯ ಮೇಲಿನ ಬೀಗದ ಚಿತ್ರ ಇನ್ನೂ ಅಚ್ಚುಕಟ್ಟಾಗಿತ್ತು. ತೆರೆದಷ್ಟು ಸಲ ಮುಚ್ಚದ ಮನುಷ್ಯ! ಹಲ್ಲುಗಳ ಅಂಚು ನದಿಯ ಕಲ್ಲಿನಂತೆ ನುಣ್ಣಗಾಗಿತ್ತು. ಎರಡು ಕೀಗಳು ಸರದಿಯಲ್ಲಿ ದುಡಿದಿದ್ದರೆ ಒಂದೇ ಇಷ್ಟು ಸವೆಯುತ್ತಿರಲಿಲ್ಲ. ಅಂದರೆ ಇನ್ನೊಂದು ಕಳೆದದ್ದು ನಿನ್ನೆ ಮೊನ್ನೆಯಲ್ಲ, ವರ್ಷಗಳ ಹಿಂದೆ. ‘ಸಿಕ್ಕಿದ ತಕ್ಷಣ’ ಎಂದವರು ಎಷ್ಟು ವರ್ಷಗಳಿಂದ ಹುಡುಕುವುದನ್ನು ಬಿಟ್ಟಿದ್ದರೋ.

ಒಂದೇ ಕೀ ಇರುವ ಮನೆಯಲ್ಲಿ ಆ ಕೀಯದೇ ದರ್ಬಾರು. ಒಬ್ಬನೇ ಮಗನನ್ನು ಸಾಕಿದ ಹಾಗೆ: ಕಣ್ಣಿಗೆ ಕಾಣದಿದ್ದರೆ ಗಾಬರಿ, ಕಂಡರೆ ಬೈಗುಳ. ಕೀಗೆ ಮೊದಲು ಒಂದು ಗೆಜ್ಜೆ ಕಟ್ಟಿದೆವು, ಬಿದ್ದರೆ ಸದ್ದಾಗಲೆಂದು. ಆಮೇಲೆ ಅಂಗೈಯಗಲದ ಮರದ ಬಿಲ್ಲೆ, ಮರೆತು ಯಾರೂ ಜೇಬಿಗಿಳಿಸದಿರಲೆಂದು. ಕೊನೆಗೆ ಅದು ಕಾರಿನ ಕೀಯಂತೆ ಕಾಣದೆ ಯಾವುದೋ ಕೋಟೆಯ ಹೆಬ್ಬಾಗಿಲಿನದರಂತೆ ಕಾಣತೊಡಗಿತು. ಕಾರಿನಿಂದಿಳಿದು ಬಾಗಿಲು ಹಾಕುವ ಮುನ್ನ ಕೀಯನ್ನು ಕಣ್ಣಿನ ಮಟ್ಟಕ್ಕೆತ್ತಿ ನೋಡಿಕೊಳ್ಳುವ ಅಭ್ಯಾಸ ನನಗೆ ಅಂಟಿತು. ಡಿಕ್ಕಿ ಮುಚ್ಚುವಾಗ ಎರಡು ಸಲ ನೋಡುತ್ತಿದ್ದೆ. ಡಿಕ್ಕಿಯೊಳಗೆ ಸಾಮಾನು ಜೋಡಿಸುವಾಗ ‘ಒಂದು ನಿಮಿಷ’ ಎಂದು ಕೈಯಲ್ಲಿದ್ದದ್ದನ್ನು ಅಲ್ಲೇ ಇಡುತ್ತೇವಲ್ಲ, ಆ ಒಂದು ನಿಮಿಷವೇ ಅಪಾಯದ್ದು. ಚರಂಡಿಯ ಜಾಲರಿಯ ಪಕ್ಕ ಕಾರು ನಿಲ್ಲಿಸುವುದನ್ನಂತೂ ಬಿಟ್ಟೇಬಿಟ್ಟೆ.

“ರೀ, ಕೀ ಎಲ್ಲಿ?” ಎಂದು ನನ್ನವಳು ಕೇಳಿದರೆ ಅದು ಪ್ರಶ್ನೆಯಲ್ಲ, ಹಾಜರಿ ಕೂಗುವುದು.

“ಇದೆ.”

“ಇದೆ ಅಂದ್ರೆ? ತೋರಿಸಿ.”

ತೋರಿಸುತ್ತಿದ್ದೆ. ನನ್ನ ಬಾಯಲ್ಲಿ ‘ಇರಬೇಕು’ ಬಂದರೆ ನಡೆಯುತ್ತಿರಲಿಲ್ಲ.

ಕಾರು ನಮ್ಮಿಬ್ಬರದೂ. ಆದರೆ ಕೀ ಒಬ್ಬರದು. ನಾನು ಕೀಯನ್ನು ಜೇಬಿನಲ್ಲಿಟ್ಟುಕೊಂಡು ನಡೆದುಹೋಗಿಬಿಟ್ಟರೆ ಮನೆಯ ಮುಂದೆ ನಿಂತ ಕಾರು ಅವಳಿಗೆ ಬರೀ ನೋಟಕ್ಕೆ. ಸರ್ವೀಸಿಗೆ ಬಿಟ್ಟರೆ ಮೆಕ್ಯಾನಿಕ್ಕಿನ ಗೋಡೆಯ ಮೊಳೆಗೆ ನಮ್ಮ ಇಡೀ ಅಧಿಕಾರವೇ ನೇತಾಡುತ್ತಿರುತ್ತಿತ್ತು. ಎರಡು ಕೀ ಉಳ್ಳವರಿಗೆ ಇದೊಂದು ತಮಾಷೆಯಾಗಿ ಕಾಣಬಹುದು. ಅವರ ಎರಡನೆಯ ಕೀ ಯಾವುದೋ ಡ್ರಾಯರಿನಲ್ಲಿ ತಣ್ಣಗೆ ಮಲಗಿರುತ್ತದೆ, ವರ್ಷಕ್ಕೊಮ್ಮೆಯೂ ಅದರ ಮುಖ ನೋಡಿರುವುದಿಲ್ಲ. ಅದು ಅಲ್ಲಿ ಮಲಗಿದೆ ಎಂಬುದರಿಂದಲೇ ಮೊದಲನೆಯದನ್ನು ಅವರು ಮೇಜಿನ ಮೇಲೆ ಎಸೆಯಬಲ್ಲರು. ಕೀಯನ್ನು ಎಸೆಯುವ ಸುಖ ನನಗೆ ಆ ದಿನಗಳಲ್ಲಿ ಸಿಗಲಿಲ್ಲ. ನಾನು ಅದನ್ನು ಇಳಿಸಿ ಇಡುತ್ತಿದ್ದೆ.

‘ಒಂದು ಡೂಪ್ಲಿಕೇಟ್ ಮಾಡಿಸಿದರಾಯ್ತಪ್ಪ’ ಎಂದು ಗೆಳೆಯರು ಸಲೀಸಾಗಿ ಹೇಳಿದರು. ಅವರ ಕಣ್ಣ ಮುಂದಿದ್ದದ್ದು ಹಳೆಯ ಕಾಲದ ಕೀ. ಆಗ ಅದು ಬರೀ ಲೋಹ. ಉಜ್ಜುವ ಯಂತ್ರದ ಮುಂದೆ ಕೂತವನು ಒಂದನ್ನು ಹಿಡಿದು, ಕಿಡಿ ಹಾರಿಸಿ, ನಾವು ಸುತ್ತಮುತ್ತ ನೋಡುವಷ್ಟರಲ್ಲಿ ಅದರ ತಮ್ಮನನ್ನು ಕೊಟ್ಟುಬಿಡುತ್ತಿದ್ದ. ಅದಕ್ಕೂ ಹಿಂದೆ ಹೋದರೆ ಕಾರು ಹೊರಡಿಸಲು ಕೀಯೇ ಸಾಕಾಗುತ್ತಿರಲಿಲ್ಲ. ಮುಂಭಾಗಕ್ಕೆ ಹ್ಯಾಂಡಲ್ ಸಿಕ್ಕಿಸಿ ರಟ್ಟೆಯ ಬಲದಿಂದ ಎಂಜಿನ್ ತಿರುಗಿಸಬೇಕಿತ್ತು. ಅದು ಹಿಂದಕ್ಕೆ ಒದ್ದರೆ ನಿಜವಾದ ಕೈಯೇ ಮುರಿಯುತ್ತಿತ್ತು. 1912ರಲ್ಲಿ ಕ್ಯಾಡಿಲಾಕ್ ಕಾರುಗಳಿಗೆ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ ಬಂದ ಮೇಲೆ ಆ ಕಸರತ್ತು ಕಡಮೆಯಾಯಿತು. ಆಗಲೂ ಸ್ಟಾರ್ಟರಿಗೆ ಬೇರೆ ಗುಂಡಿಯೋ ಪೆಡಲ್ಲೋ ಇರುತ್ತಿತ್ತು. ಕೀ ತಿರುಗಿಸಿದರೆ ಸಾಕು, ಎಂಜಿನ್ ಏಳುತ್ತದೆ ಎಂಬ ಏರ್ಪಾಟನ್ನು ಕ್ರೈಸ್ಲರ್ ತಂದದ್ದು 1949ರ ಕಾರುಗಳಲ್ಲಿ. ಅಲ್ಲಿಂದ ಬೀಗದ ಕೈಗೆ ಎರಡು ಕೆಲಸ: ತೆರೆಯುವುದು, ಎಬ್ಬಿಸುವುದು.

ಮೂರನೆಯ ಕೆಲಸ ಕಲಿಸಿದವರು ಕಳ್ಳರು. ಲೋಹದ ಹಲ್ಲನ್ನು ನಕಲು ಮಾಡುವುದು ಅವರಿಗೂ ಸುಲಭವಾಗಿತ್ತಲ್ಲ. 1986ರ ಷೆವ್ರೊಲೆ ಕಾರ್ವೆಟ್ ಕಾರಿನ ಕೀಯೊಳಗೆ, ವಿದ್ಯುತ್ತಿಗೆ ಇಂತಿಷ್ಟೇ ಎಂದು ತಡೆಯೊಡ್ಡುವ ಸಣ್ಣದೊಂದು ರೆಸಿಸ್ಟರ್ ಕೂರಿಸಿದರು. ಆ ತಡೆಯ ಅಳತೆ ಹೊಂದದಿದ್ದರೆ ಕಾರು ಮಿಸುಕುತ್ತಿರಲಿಲ್ಲ. ಆದರೆ ಇದ್ದ ಅಳತೆಗಳು ಒಟ್ಟು ಹದಿನೈದೇ. ತಾಳ್ಮೆಯುಳ್ಳ ಕಳ್ಳನಿಗೆ ಹದಿನೈದು ಯಾವ ಲೆಕ್ಕ? ಆಮೇಲೆ ಬಂದದ್ದು ಎಲೆಕ್ಟ್ರಾನಿಕ್ ಚಿಪ್. ಕೀಯ ಪ್ಲಾಸ್ಟಿಕ್ ತಲೆಯೊಳಗೆ ಅಕ್ಕಿಕಾಳಿನಷ್ಟೇ ದೊಡ್ಡದು. ಅದಕ್ಕೆ ಸ್ವಂತ ಬ್ಯಾಟರಿಯಿಲ್ಲ. ಕೀ ತೂರಿಸುವ ರಂಧ್ರದ ಸುತ್ತ ತಂತಿಯ ಸುರುಳಿಯೊಂದಿರುತ್ತದೆ. ಅದು ಹೊಮ್ಮಿಸುವ ಅಲೆಯಿಂದಲೇ ಚಿಪ್ ಒಂದಿಷ್ಟು ಶಕ್ತಿ ಎರವಲು ಪಡೆದು ತನ್ನ ಗುರುತು ಹೇಳುತ್ತದೆ. ಗುರುತು ಸರಿಯಿದ್ದರೆ ಮಾತ್ರ ಎಂಜಿನ್ನಿಗೆ ಅಪ್ಪಣೆ. ಇಮ್ಮೊಬಿಲೈಜರ್ ಎಂಬ ಈ ಕಾವಲನ್ನು ಜರ್ಮನಿ, ಬ್ರಿಟನ್‌ಗಳು 1998ರಲ್ಲೂ ಆಸ್ಟ್ರೇಲಿಯಾ 2001ರಲ್ಲೂ ಹೊಸ ಕಾರುಗಳಿಗೆ ಕಡ್ಡಾಯ ಮಾಡಿದವು.

ಅಜ್ಜಿ ಕಥೆಗಳಲ್ಲಿ ರಾಕ್ಷಸನ ಪ್ರಾಣ ಅವನ ಮೈಯಲ್ಲಿರುತ್ತಿರಲಿಲ್ಲ. ಏಳು ಸಮುದ್ರದಾಚೆ ಗಿಣಿಯೊಂದರಲ್ಲಿರುತ್ತಿತ್ತು. ನನ್ನ ಕಾರಿನ ಪ್ರಾಣವೂ ಹಾಗೆಯೇ ಗೆಜ್ಜೆ ಕಟ್ಟಿದ ಒಂದು ಗಿಣಿಯಲ್ಲಿತ್ತು. ಇನ್ನೊಂದು ಗಿಣಿ ಎಲ್ಲಿತ್ತೋ, ಯಾರ ಪಂಜರದಲ್ಲಿತ್ತೋ!

ಇದರಲ್ಲೊಂದು ಅನ್ಯಾಯವೂ ಇದೆ. ಫೋರ್ಡ್ ಕಂಪನಿಯ ಎಷ್ಟೋ ಮಾದರಿಗಳಲ್ಲಿ ಕೆಲಸ ಮಾಡುವ ಎರಡು ಕೀಗಳಿದ್ದರೆ ಮೂರನೆಯದನ್ನು ಮಾಲೀಕನೇ ಕಾರಿಗೆ ಪರಿಚಯಿಸಬಹುದು: ಮೊದಲನೆಯದನ್ನು ಹಾಕಿ ತಿರುಗಿಸಿ, ತೆಗೆದು, ಎರಡನೆಯದನ್ನು ಹಾಕಿ ತಿರುಗಿಸಿ, ತೆಗೆದು, ಹೊಸದನ್ನು ಹಾಕಿದರಾಯಿತು. ಒಂದೇ ಇದ್ದರೆ ಆಗದು. ಯಂತ್ರ ಉಳ್ಳವರ ಬಾಗಿಲಿಗೇ ಹೋಗಬೇಕು. ಎರಡಿದ್ದವನಿಗೆ ಮೂರನೆಯದು ಪುಕ್ಕಟೆ ವಿದ್ಯೆ, ಒಂದೇ ಇದ್ದವನಿಗೆ ಎರಡನೆಯದು ದುಬಾರಿ. ಸಾಲ ಕೊಡುವವರು ಹಿಂದಿನಿಂದಲೂ ಪಾಲಿಸುತ್ತಿರುವ ನೀತಿಯನ್ನೇ ಕಾರಿಗೂ ಯಾರೋ ಕಲಿಸಿದ್ದಾರೆ.

ಕೊನೆಗೆ ಯಂತ್ರ ಉಳ್ಳವರೊಬ್ಬರು ಸಿಕ್ಕರು. ಲ್ಯಾಪ್‌ಟಾಪಿನ ತಂತಿಯನ್ನು ಸ್ಟಿಯರಿಂಗ್ ಕೆಳಗೆ ಎಲ್ಲೋ ಸಿಕ್ಕಿಸಿ, ನನ್ನ ಗೆಜ್ಜೆಯ ಕೀಯನ್ನು ವೈದ್ಯರು ನಾಡಿ ಹಿಡಿದಂತೆ ಹಿಡಿದುಕೊಂಡರು.

“ಒಂದಾದ್ರೂ ಇರೋವಾಗ್ಲೇ ಬಂದ್ರಿ, ಬಚಾವಾದ್ರಿ. ಎಲ್ಲ ಕಳ್ಕೊಂಡು ಬರ್ತಾರೆ ಜನ,” ಎಂದರು. ಇರುವುದರ ಜೊತೆಗೆ ಇನ್ನೊಂದನ್ನು ಸೇರಿಸುವುದಕ್ಕೂ ಏನೂ ಇಲ್ಲದೆ ಮೊದಲಿನಿಂದ ಹುಟ್ಟಿಸುವುದಕ್ಕೂ ಅಜಗಜಾಂತರವಂತೆ. ತೊಂಬತ್ತರ ದಶಕದ ಕೆಲವು ಫಿಯಟ್ ಕಾರುಗಳಿಗೆ ಕೆಂಪು ತಲೆಯ ಯಜಮಾನ ಕೀ ಒಂದಿರುತ್ತಿತ್ತು. ಅದು ಕಳೆದರೆ ಹೊಸ ಕೀಯನ್ನು ಕಾರಿಗೆ ಪರಿಚಯಿಸುವುದೇ ದೊಡ್ಡ ರಾಮಾಯಣ, ಎಂಜಿನ್ನಿನ ಗಣಕಯಂತ್ರವನ್ನೇ ಬದಲಿಸುವ ಮಾತು ಬರುತ್ತಿತ್ತು. ಒಂದು ತುಂಡು ಲೋಹಕ್ಕಾಗಿ ಮಿದುಳನ್ನೇ ಬದಲಿಸುವುದು! ನನ್ನ ಗೆಜ್ಜೆ, ಮರದ ಬಿಲ್ಲೆಗಳ ಬಗ್ಗೆ ನನಗೆ ಮೊದಲ ಬಾರಿ ಹೆಮ್ಮೆಯೆನಿಸಿತು.

ಅಷ್ಟರಲ್ಲಿ ಅವರು ಪರದೆ ನೋಡಿ ಹುಬ್ಬೇರಿಸಿದರು. “ಮೂರು ಕೀ ಇದೆಯಲ್ಲ ಸಾರ್.”

“ಇಲ್ಲ, ಒಂದೇ.”

“ನಿಮ್ಮ ಹತ್ರ ಒಂದು. ಕಾರಿನ ಲೆಕ್ಕದಲ್ಲಿ ಮೂರು.”

ನನಗೆ ಮೈ ಜುಂ ಎಂದಿತು. ಇಷ್ಟು ದಿನ ಕಳೆದುಹೋದದ್ದು ಎಂದರೆ ಇಲ್ಲದ್ದು ಎಂದೇ ಎಣಿಸಿದ್ದೆ. ಕಾರು ಹಾಗೆ ಎಣಿಸಿರಲಿಲ್ಲ. ಅದರ ನೆನಪಿನಲ್ಲಿ ಮೂವರೂ ಬದುಕಿದ್ದರು. ಯಾರು ಬಂದರೂ ‘ಬಾ’ ಎಂದು ಎದ್ದು ನಿಲ್ಲಲು ಅದು ಸಿದ್ಧವಿತ್ತು. ನಾನು ಒಂಟಿ ಕೀಯ ಯಜಮಾನನೆಂದು ಕೊರಗುತ್ತಿದ್ದವನು, ನಿಜಕ್ಕೆ ಮೂವರಲ್ಲಿ ಒಬ್ಬ. ಮಾರಿದವರು ಹೇಳಿದ್ದು ಎರಡರ ಲೆಕ್ಕ. ಮೂರನೆಯದು ಅವರಿಗೂ ಹಿಂದಿನವರದಿರಬೇಕು. (ನೋಡಿ, ನನಗೂ ‘ಇರಬೇಕು’ ಬಂತು.) ಕಾರು ಕಳುವಾದರೆ ಕೀಗಳೆಲ್ಲ ನಿಮ್ಮ ಬಳಿಯೇ ಇವೆಯೇ ಎಂದು ಎಷ್ಟೋ ವಿಮಾ ಕಂಪನಿಗಳು ಕೇಳುವುದೇಕೆಂದು ಆಗ ಅರ್ಥವಾಯಿತು.

“ಅಳಿಸಿಬಿಡಲಾ?” ಎಂದರು. ಕಾರಿನ ನೆನಪನ್ನೆಲ್ಲ ಒರೆಸಿ, ಎದುರಿಗಿರುವ ಎರಡನ್ನು ಮಾತ್ರ ಹೊಸದಾಗಿ ಪರಿಚಯಿಸುವುದಂತೆ. ಉಳಿದವು ಎಲ್ಲಿದ್ದರೂ ಅಲ್ಲೇ ಅಪರಿಚಿತವಾಗುತ್ತವೆ. ಆದರೆ ಚಿಪ್ ಮಾತ್ರ. ಲೋಹದ ಹಲ್ಲು ಹಾಗೇ ಇರುತ್ತದಲ್ಲ. ಬಾಗಿಲು ಅದಕ್ಕೆ ತೆರೆಯುತ್ತಲೇ ಇರುತ್ತದೆ. ಬಂದು ಕೂರಬಹುದು, ಹೊರಡುವಂತಿಲ್ಲ.

“ಅಳಿಸಿ,” ಎಂದೆ. ಕೆಲವು ನಿಮಿಷದ ಕೆಲಸ. ಹೊಸ ಕೀ ಕೈಗೆ ಬಂತು, ಹಲ್ಲು ಚೂಪಾಗಿ, ಗುಂಡಿಗಳು ಹೊಳೆಯುತ್ತ. ಅಂದು ಸಂಜೆ ಮನೆಗೆ ಬಂದವನು ಹಳೆಯದನ್ನು ಮೇಜಿನ ಮೇಲೆ ಎಸೆದೆ. ಗೆಜ್ಜೆ ಝಲ್ಲೆಂದಿತು.

ಮೂರು ತಿಂಗಳ ಮೇಲೆ ಮಾರಿದವರ ಫೋನು. “ಸಾರ್, ಸಿಕ್ತು!” ಅವರ ದನಿಯಲ್ಲಿದ್ದ ಸಂಭ್ರಮ ಕೇಳಿ, ಏನು ಸಿಕ್ಕಿತೆಂದು ಕೇಳುವುದೂ ಅಗತ್ಯವೆನಿಸಲಿಲ್ಲ. ಹಳೆಯ ಸೂಟ್‌ಕೇಸಿನ ಒಳಪದರ ಹರಿದು, ಕೀ ಅದರೊಳಗೆ ಜಾರಿ ಕೂತಿತ್ತಂತೆ. ಪ್ರಯಾಣದಲ್ಲಿ ಕಳೆಯದಿರಲೆಂದು ಭದ್ರವಾಗಿ ಇಟ್ಟದ್ದಂತೆ. ಬೇಡವೆಂದರೂ ಕೇಳದೆ ಅವರೇ ತಂದುಕೊಟ್ಟರು. ಜೊತೆಯಲ್ಲಿ ಅವರ ಮಗಳೂ ಬಂದಿದ್ದಳು. ಕಾರನ್ನು ಒಂದು ಸುತ್ತು ಹಾಕಿ ಹಿಂದಿನ ಕಿಟಕಿಗೆ ಮೂಗು ಒತ್ತಿ ಒಳಗೆ ನೋಡಿದಳು. ಬಳಪದ ನೆನಪಾಯಿತು. ಅದನ್ನು ಎಸೆದುಬಿಟ್ಟಿದ್ದೆ.

“ಕೊಟ್ಟ ಮಾತು ಬಾಕಿ ಇತ್ತು ಸಾರ್, ನಿದ್ದೆ ಬರ್ತಿರ್ಲಿಲ್ಲ,” ಎಂದರು. ಈ ಸಲ ಅಂಗೈಯನ್ನು ಕೂಡಲೇ ಮುಚ್ಚಿದೆ. ಅಳಿಸಿದ ಸಂಗತಿ ನಾಲಗೆಯ ತುದಿಯವರೆಗೆ ಬಂತು, ಹೊರಗೆ ಬರಲಿಲ್ಲ.

ಅವರು ಹೋದ ಮೇಲೆ ಕಾರಿನ ಬಳಿ ಹೋಗಿ ಆ ಕೀ ತೂರಿಸಿದೆ. ಬಾಗಿಲು ಸಲೀಸಾಗಿ ತೆರೆಯಿತು. ಕೂತು ತಿರುಗಿಸಿದೆ. ಎಂಜಿನ್ ಒಮ್ಮೆ ಕೆಮ್ಮಿ ಸುಮ್ಮನಾಯಿತು. ಡ್ಯಾಶ್‌ಬೋರ್ಡಿನಲ್ಲಿ ಕೀ ಆಕಾರದ ಸಣ್ಣ ದೀಪ ಮಿಣುಕತೊಡಗಿತು. ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ಕೂತಿದ್ದೆ. ಜೇಬಿನಲ್ಲಿ ಫೋನು ಗುಂಯ್ ಎಂದಿತು. ಅವರದೇ ಸಂದೇಶ: “ಕೀ ಕೆಲಸ ಮಾಡ್ತಿದೆ ತಾನೇ ಸಾರ್?”

“ಮೊದಲನೇದಕ್ಕಿಂತ ಚೆನ್ನಾಗಿ,” ಎಂದು ಬರೆದು ಕಳಿಸಿದೆ.