ಎಳೆ ಬರುವ ಮುನ್ನ

ಹೀಚುಗಾಯಿಗೆ ಕನ್ನಡದಲ್ಲಿ ಪೀಚು ಅಂತಲೂ ಅನ್ನುತ್ತಾರೆ. ಮಾವಿನ ಪೀಚು, ಸೌತೆಯ ಪೀಚು: ಇನ್ನೂ ಮೈತುಂಬದ, ಕಿತ್ತರೆ ಪಾಪ ಎನಿಸುವ ಎಳಸು ಕಾಯಿ. ಪೀಚ್ ಹಣ್ಣಿಗೂ ಈ ಮಾತಿಗೂ ನಂಟಿಲ್ಲ. ಅದರ ಹೆಸರು ಹುಟ್ಟಿದ್ದು ಪರ್ಷಿಯಾದ ಹೆಸರಿನಿಂದ, ಹಣ್ಣಿನ ತವರು ಮಾತ್ರ ಚೀನಾ. ಸಸ್ಯಶಾಸ್ತ್ರದವರೂ ಪ್ರೂನಸ್ ಪರ್ಸಿಕಾ ಎಂದೇ ನಾಮಕರಣ ಮಾಡಿ ತಪ್ಪನ್ನು ಕಾಯಂ ಮಾಡಿಬಿಟ್ಟರು. ಇಷ್ಟಾದರೂ ಜೂನ್ ತಿಂಗಳಲ್ಲಿ ಬೆಂಗಳೂರಿನ ತಳ್ಳುಗಾಡಿಯ ಮೇಲೆ ಕೂತ ಪೀಚನ್ನು ಒತ್ತಿ ನೋಡಿದವರಿಗೆ ಕನ್ನಡದ ಅರ್ಥವೇ ಸರಿ ಅನ್ನಿಸುತ್ತದೆ. ಹಿಮಾಚಲದ ಕಡೆಯಿಂದ ಲಾರಿಯೇರಿ ಬರಬೇಕಾದ ಹಣ್ಣು, ಗಟ್ಟಿಯಿರುವಾಗಲೇ ಕಿತ್ತಿರುತ್ತಾರೆ.

ಮಾವನ್ನೂ ಬಾಳೆಯನ್ನೂ ಹೀಗೆಯೇ ಕೀಳುತ್ತಾರಲ್ಲ ಎಂದರೆ, ಅವುಗಳ ಹೊಟ್ಟೆಯಲ್ಲಿ ಪಿಷ್ಟದ ದಾಸ್ತಾನು ಇರುತ್ತದೆ. ಮನೆಗೆ ಬಂದ ಮೇಲೆ ಅದು ಸಕ್ಕರೆಯಾಗುತ್ತದೆ. ಪೀಚಿಗೆ ಆ ಉಳಿತಾಯದ ಬುದ್ಧಿ ಇಲ್ಲ. ಕಿತ್ತ ಮೇಲೆ ಮೆತ್ತಗಾಗುತ್ತದೆ, ಘಮಘಮಿಸುತ್ತದೆ, ಸಿಹಿ ಮಾತ್ರ ಮರದ ಮೇಲೆ ಎಷ್ಟಿತ್ತೋ ಅಷ್ಟೇ. ಪರಿಮಳ ಉಂಟು, ರುಚಿ ಸಪ್ಪೆ ಎಂಬ ಆ ವಿಚಿತ್ರ ಅನುಭವಕ್ಕೆ ಕಾರಣ ಇದು. ಇಂಥ ಹಣ್ಣಿಗೆ ಕಾಂಪೋಟ್‌ನಷ್ಟು, ಎಂದರೆ ಹೋಳನ್ನು ತೆಳು ಸಕ್ಕರೆ ನೀರಲ್ಲಿ ಬೇಯಿಸುವುದರಷ್ಟು, ಹೇಳಿಮಾಡಿಸಿದ ಮದ್ದು ಇನ್ನೊಂದಿಲ್ಲ. ಇಲ್ಲದ ಸಿಹಿಯನ್ನು ಹೊರಗಿನಿಂದ ಕೊಡುತ್ತದೆ, ಇರುವ ಪರಿಮಳವನ್ನು ಕೆಡಿಸುವುದಿಲ್ಲ.

ಆದರೆ ಮೊದಲು ಹಣ್ಣು ಮೆತ್ತಗಾಗಬೇಕು. ತೊಟ್ಟಿನ ಕಡೆ ಕೆಳಗೆ ಮಾಡಿ, ಒಂದರ ಮೇಲೊಂದು ಪೇರಿಸದೆ, ಎರಡು ಮೂರು ದಿನ ಹೊರಗೇ ಇಡಿ. ತೊಟ್ಟಿನ ಸುತ್ತ ಹೆಬ್ಬೆರಳು ಒತ್ತಿದರೆ ಸ್ವಲ್ಪ ಬಾಗಬೇಕು, ಅಷ್ಟು ಸಾಕು. ಹಣ್ಣಾಗುವ ಮೊದಲೇ ಫ್ರಿಜ್ಜಿಗೆ ಹಾಕುವುದು ದೊಡ್ಡ ತಪ್ಪು. 2ರಿಂದ 7 ಡಿಗ್ರಿಯ ತಂಪು ಪೀಚಿಗೆ ಕಂಟಕ, ಮನೆಯ ಫ್ರಿಜ್ಜು ಸರಿಯಾಗಿ ಅದೇ ತಂಪಿನಲ್ಲಿರುತ್ತದೆ. ಕೆಲವು ದಿನ ಹಾಗೆ ಕೂತ ಹಣ್ಣು ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ. ಒಳಗೆ ರಸ ಬತ್ತಿ ಒದ್ದೆ ಹತ್ತಿ ಜಗಿದ ಹಾಗೆ. ಅದನ್ನು ಬೇಯಿಸಿದರೂ ಸರಿಹೋಗುವುದಿಲ್ಲ.

ಕಾಂಪೋಟ್ ಎಂಬುದು ಫ್ರೆಂಚರ ಮಾತು. ಮೂಲದ ಲ್ಯಾಟಿನ್ ಪದಕ್ಕೆ ಒಟ್ಟುಗೂಡಿಸಿದ್ದು ಎಂದರ್ಥ. ಫ್ರಾನ್ಸಿನಲ್ಲಿ ಅದು ತೆಳು ಸಕ್ಕರೆ ನೀರಲ್ಲಿ ಬೆಂದ ಹಣ್ಣಿನ ಹೋಳು, ಇಲ್ಲವೇ ಮಕ್ಕಳ ಬಟ್ಟಲಿನ ನುಣ್ಣನೆಯ ಸೇಬಿನ ಮುದ್ದೆ. ಪೂರ್ವಕ್ಕೆ ಬಲ್ಗೇರಿಯಾ, ಉಕ್ರೇನ್, ರಷ್ಯಾದ ಕಡೆ ಹೋದರೆ ಕೊಂಪೋತ್ ಆಗಿ, ಬೇಸಿಗೆಯಲ್ಲಿ ಗಾಜಿನ ಜಾಡಿಗೆ ತುಂಬಿ ಚಳಿಗಾಲಕ್ಕೆ ಎತ್ತಿಡುವ ಸರಕಾಗುತ್ತದೆ. ನಮ್ಮಲ್ಲಿ ಉಪ್ಪಿನಕಾಯಿ ಜಾಡಿಗೆ ಇರುವ ಮರ್ಯಾದೆ ಅಲ್ಲಿ ಅದಕ್ಕಿದೆ.

ಕನ್ನಡದ ಅಡುಗೆಮನೆಯಲ್ಲಿ ಇದನ್ನು ಮಾಡಹೊರಟರೆ ತೊಡಕು ಹಣ್ಣಿನದಲ್ಲ, ಕೈ ಅಭ್ಯಾಸದ್ದು. ಸಕ್ಕರೆ ನೀರು ಒಲೆಯ ಮೇಲೇರಿತೆಂದರೆ ಹೆಬ್ಬೆರಳೂ ತೋರುಬೆರಳೂ ತಾವಾಗಿಯೇ ಎಳೆ ಹುಡುಕತೊಡಗುತ್ತವೆ. ಮೈಸೂರು ಪಾಕಿಗೆ ಒಂದೆಳೆ, ಉಂಡೆಗಳಿಗೆ ನೀರಿಗೆ ಬಿಟ್ಟರೆ ಗಟ್ಟಿಯಾಗುವ ಪಾಕ, ಹೀಗೆ ಪಾಕ ಬಂತೇ ಬಂತೇ ಎಂದು ಕಾಯುವುದೇ ನಮಗೆ ಗೊತ್ತಿರುವ ವಿದ್ಯೆ. ಕಾಂಪೋಟ್‌ನಲ್ಲಿ ಎಳೆ ಬಂದರೆ ಕೆಲಸ ಕೆಟ್ಟಿತು. ಸಕ್ಕರೆ ಕರಗಿ ನೀರು ತಿಳಿಯಾದ ಕೂಡಲೇ ಹಣ್ಣು ಬೀಳಬೇಕು.

ಯಾಕೆಂದರೆ, ದಟ್ಟ ಪಾಕಕ್ಕೆ ಹಾಕಿದ ಹೋಳು ತನ್ನ ನೀರನ್ನೆಲ್ಲ ಹೊರಗೆ ಬಿಟ್ಟು ಸುಕ್ಕುಗಟ್ಟುತ್ತದೆ, ತೊಗಲಿನಂತಾಗಿ ತೇಲುತ್ತದೆ. ಬರೀ ನೀರಲ್ಲಿ ಬೇಯಿಸಿದರೆ ಇದಕ್ಕೆ ತದ್ವಿರುದ್ಧ: ರುಚಿಯೆಲ್ಲ ನೀರಿಗಿಳಿದು ಹೋಳು ಅಂಚಿನಿಂದ ಕರಗುತ್ತ ಬಂದು ಕಡೆಗೆ ಮುದ್ದೆಯಾಗುತ್ತದೆ. ನೂರಕ್ಕೆ 20ರಿಂದ 30 ಭಾಗ ಸಕ್ಕರೆಯ ನೀರು ಇವೆರಡರ ನಡುವಿನ ದಾರಿ. ಅರ್ಧ ಲೀಟರ್ ನೀರಿಗೆ 150 ಗ್ರಾಂ ಸಕ್ಕರೆ ಹಾಕಿದರೆ ಸುಮಾರು 23 ಭಾಗ ಬಂತು. ಒಂದು ಕಿಲೋ ಪೀಚಿಗೆ, ಎಂದರೆ ಮಧ್ಯಮ ಗಾತ್ರದ ಆರೇಳು ಹಣ್ಣಿಗೆ, ಇಷ್ಟು ಸಾಕು. ಜೊತೆಗೆ ಒಂದು ದೊಡ್ಡ ಚಮಚ ನಿಂಬೆರಸ. ಇದು ಬರೀ ಹುಳಿಗಲ್ಲ. ಹೋಳು ಕಂದಾಗದಂತೆಯೂ, ಬೇಯುವಾಗ ಒಡೆಯದಂತೆಯೂ ಹಿಡಿದಿಡುತ್ತದೆ. ಪಾತ್ರೆ ಸ್ಟೀಲಿನದಿರಲಿ. ಅಲ್ಯೂಮಿನಿಯಂ ಹುಳಿಗೆ ಆಗಿಬರುವುದಿಲ್ಲ.

ಸಿಪ್ಪೆ ತೆಗೆಯುವ ಕೆಲಸ ನೋಡಲು ಚೆಂದ. ಹಣ್ಣಿನ ಬುಡಕ್ಕೆ ಚಾಕುವಿನ ತುದಿಯಿಂದ ಸಣ್ಣದೊಂದು ಗುಣಿಸುವ ಗುರುತು ಗೀರಿ, ಕುದಿವ ನೀರಿಗೆ ಬಿಟ್ಟು ಅರ್ಧ ನಿಮಿಷದಿಂದ ಒಂದು ನಿಮಿಷ ಇಟ್ಟು, ತಣ್ಣೀರಿಗೆ ಎತ್ತಿಹಾಕಿ. ಗೀರಿದ ನಾಲ್ಕು ಮೂಲೆಗಳೂ ಸುರುಳಿ ಬಿಚ್ಚುತ್ತವೆ. ಬೆರಳಿನಿಂದ ಎಳೆದರೆ ರೋಮವಿರುವ ಆ ತೆಳು ಸಿಪ್ಪೆ ಒಂದೇ ಪಟ್ಟಿಯಾಗಿ ಬರುತ್ತದೆ, ಅದರ ಕೆಂಪಿನ ಅಚ್ಚು ಹಣ್ಣಿನ ಮೈಮೇಲೆ ಉಳಿಯುತ್ತದೆ. ಬಾರದೆ ಹಟ ಮಾಡಿದರೆ ಹಣ್ಣು ಇನ್ನೂ ಕಾಯಿ ಎಂದರ್ಥ. ಇನ್ನೊಂದು ಅರ್ಧ ನಿಮಿಷ ಕೊಟ್ಟು ನೋಡಿ, ಆಮೇಲೂ ಬರದಿದ್ದರೆ ಚಾಕುವೇ ಗತಿ. ಸಿಪ್ಪೆಯನ್ನು ಎಸೆಯಬೇಡಿ. ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಸಕ್ಕರೆ ನೀರಲ್ಲಿ ಐದು ನಿಮಿಷ ಕುದಿಸಿದರೆ ಬಣ್ಣವಿಲ್ಲದ ನೀರು ತಿಳಿಗುಲಾಬಿಗೆ ತಿರುಗುತ್ತದೆ.

ಹಣ್ಣನ್ನು ಸೀಳುಗೆರೆಯ ಗುಂಟ ಸುತ್ತಲೂ ಕೊಯ್ದು ಎರಡು ಕೈಯಲ್ಲಿ ತಿರುಚಿದರೆ ಎರಡು ಹೋಳಾಗಬೇಕು. ಇದು ಬಿಡುಗೊರಟೆಯ ಜಾತಿಗೆ ಮಾತ್ರ. ಗೊರಟೆಗೆ ತಿರುಳು ಕಚ್ಚಿಕೊಂಡಿರುವ ಜಾತಿಯೂ ಇದೆ. ಅದನ್ನು ತಿರುಚಿದರೆ ಕೈಯಲ್ಲಿ ರಸ, ಹಲಗೆಯ ಮೇಲೆ ಚೂರು. ಅದನ್ನು ಮಾವಿನ ಹಾಗೆ ಕೆನ್ನೆ ಕೊಯ್ದುಬಿಡುವುದು ವಾಸಿ. ಡಬ್ಬಿಯ ಕಾರ್ಖಾನೆಗಳಿಗೆ ಮಾತ್ರ ಈ ಕಚ್ಚುಗೊರಟೆಯೇ ಪ್ರೀತಿ, ಅದರ ತಿರುಳು ಬೆಂದರೂ ಬಿಗಿ ಬಿಡುವುದಿಲ್ಲ. ಗೊರಟೆ ಒಡೆದು ಬೀಜವನ್ನು ಪರಿಮಳಕ್ಕೆಂದು ಹಾಕುವ ಉತ್ಸಾಹ ಬೇಡ. ಬಾದಾಮಿಯ ವಾಸನೆ ಬರುವುದು ನಿಜ, ಆದರೆ ಆ ವಾಸನೆಯ ಜೊತೆಗೇ ಸಯನೈಡೂ ಹುಟ್ಟುತ್ತದೆ.

ಹೋಳುಗಳನ್ನು ಬಿಸಿ ಸಕ್ಕರೆ ನೀರಿಗೆ ಬಿಟ್ಟ ಮೇಲೆ ಉರಿ ತಗ್ಗಿಸಿ. ಕುದಿ ಬೇಡ, ಅಂಚಿನಲ್ಲಿ ಒಂದೊಂದೇ ಗುಳ್ಳೆ ಏಳುತ್ತಿದ್ದರೆ ಸಾಕು. ಪೀಚು ಮೇಲಕ್ಕೆ ತೇಲುತ್ತದೆ, ತೇಲಿದ ಬೆನ್ನು ಕಂದಾಗುತ್ತದೆ. ಅದಕ್ಕೇ ಪಾತ್ರೆಯೊಳಗೆ ಕೂರುವಂಥ ಸಣ್ಣ ತಟ್ಟೆಯೊಂದನ್ನು ಹೋಳುಗಳ ಮೇಲೆ ಮುಚ್ಚಿಡಬೇಕು. ಹಣ್ಣಾದದ್ದಕ್ಕೆ ಐದು ನಿಮಿಷ, ಗಟ್ಟಿಯದಕ್ಕೆ ಎಂಟು ಹತ್ತು. ಚಾಕುವಿನ ತುದಿ ಸಲೀಸಾಗಿ ಇಳಿದು, ಕಡೆಯಲ್ಲಿ ಒಂಚೂರು ತಡೆದಂತೆ ಅನ್ನಿಸಿದಾಗ ಒಲೆ ಆರಿಸಿ. ಆ ಉಳಿದ ಬೇಯುವಿಕೆಯನ್ನು ಆರುತ್ತಿರುವ ಪಾಕವೇ ಮುಗಿಸುತ್ತದೆ. ಪೂರ್ತಿ ಬೆಂದ ಮೇಲೆ ಇಳಿಸಿದರೆ ತಟ್ಟೆಗೆ ಬರುವ ಹೊತ್ತಿಗೆ ಅದು ಪಾಯಸ. ಚಕ್ಕೆಯ ಒಂದು ತುಂಡೋ ಜಜ್ಜಿದ ಎರಡು ಏಲಕ್ಕಿಯೋ ಹಾಕಬಹುದು. ಲವಂಗ ಮಾತ್ರ ಬೇಡ, ಒಂದೇ ಒಂದು ಹಾಕಿದರೂ ಪೀಚಿನ ಬಾಯಿ ಮುಚ್ಚಿಸುತ್ತದೆ. ಇದು ಫ್ರಿಜ್ಜಿನಲ್ಲಿ ತನ್ನ ಪಾಕದಲ್ಲೇ ಮುಳುಗಿ ಐದಾರು ದಿನ ಚೆನ್ನಾಗಿರುತ್ತದೆ. ಮಾಡಿದ ದಿನಕ್ಕಿಂತ ಮರುದಿನವೇ ರುಚಿ.

ವರ್ಷಕ್ಕಾಗುವಷ್ಟು ಜಾಡಿಯಲ್ಲಿಡುವುದು ಬೇರೆಯೇ ಶಿಸ್ತು. ಜಾಮ್‌ನಲ್ಲಿ 65 ಭಾಗದಷ್ಟು ಸಕ್ಕರೆ ಕಾವಲಿಗಿರುತ್ತದೆ. ಕಾಂಪೋಟ್‌ನ 25 ಭಾಗ ಸಕ್ಕರೆ ಯಾರನ್ನೂ ಕಾಯಲಾರದು, ಇಲ್ಲಿ ಕಾಯುವುದು ಬಿಸಿ ಮತ್ತು ಬಿಗಿ ಮುಚ್ಚಳ. ನಿಕೊಲಾ ಅಪೆರ್ ಎಂಬ ಫ್ರಾನ್ಸಿನ ಮಿಠಾಯಿಗಾರ ಗಾಜಿನ ಸೀಸೆಗಳನ್ನು ಕುದಿನೀರಲ್ಲಿ ಕಾಯಿಸಿ ಆಹಾರ ಉಳಿಸುವುದನ್ನು ಕಂಡುಕೊಂಡು, 1810ರಲ್ಲಿ ವಿಧಾನವನ್ನು ಅಚ್ಚುಹಾಕಿಸಿ, ಸರ್ಕಾರದಿಂದ 12,000 ಫ್ರಾಂಕ್ ಪಡೆದ. ಅದು ಯಾಕೆ ಕೆಡುವುದಿಲ್ಲ ಎಂಬುದು ತಿಳಿಯಲು, ಆಹಾರ ಕೆಡಿಸುವುದು ಸೂಕ್ಷ್ಮಾಣು ಎಂದು ತೋರಿಸಿದ ವಿಜ್ಞಾನಿ ಪಾಶ್ಚರ್ ಬರಬೇಕಾಯಿತು.

ಬಿಸಿ ಹೋಳನ್ನು ಕತ್ತಿನವರೆಗೆ ತುಂಬಿ, ಪಾಕ ಹೊಯ್ದು, ಮೇಲೆ ಅರ್ಧ ಅಂಗುಲ ಖಾಲಿ ಬಿಡಬೇಕು. ಒಳಗಿನ ಗಾಳಿಗುಳ್ಳೆಯನ್ನು ಮರದ ಕಡ್ಡಿಯಿಂದ ಬಿಡಿಸಿ ಜಾಡಿಯ ಬಾಯಿ ಒರೆಸಬೇಕು. ಅಂಚಿನಲ್ಲಿ ಒಂದು ಹನಿ ಪಾಕ ಉಳಿದರೂ ಮುಚ್ಚಳ ಕೂರುವುದಿಲ್ಲ. ಆಮೇಲೆ ಮುಚ್ಚಳದ ಮೇಲೂ ನೀರು ನಿಲ್ಲುವಂತೆ ಜಾಡಿಯನ್ನು ಮುಳುಗಿಸಿ ಕುದಿಸುವುದು. ಅರ್ಧ ಲೀಟರಿನ ಜಾಡಿಗೆ ಸಮುದ್ರಮಟ್ಟದಲ್ಲಿ 20 ನಿಮಿಷ. ಮಂಗಳೂರಿಗೆ ಈ ಲೆಕ್ಕ ಸರಿ. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ, ಆದ್ದರಿಂದ 30 ನಿಮಿಷ ಬೇಕು. ಮಡಿಕೇರಿಗೂ ಅಷ್ಟೇ. ಕುಕ್ಕರಿನಲ್ಲಿ ಎರಡು ಸೀಟಿ ಕೂಗಿಸಿದರಾಯಿತು ಎನ್ನುವವರು ಇದ್ದೇ ಇರುತ್ತಾರೆ. ಒತ್ತಡ ಸರ್ರನೆ ಇಳಿದಾಗ ಜಾಡಿಯೊಳಗಿನ ಪಾಕ ಹೊರಗೆ ನುಗ್ಗಿ, ಹಣ್ಣು ಒಣಗಿ ಕೂತಿರುತ್ತದೆ.

ಉಕ್ರೇನ್, ರಷ್ಯಾದ ಮನೆಗಳಲ್ಲಿ ಮೂರು ಲೀಟರಿನ ಜಾಡಿಗೆ ಹಣ್ಣು ಹಾಕಿ, ಕುದಿನೀರು ಹೊಯ್ದು ಕಾಲು ಗಂಟೆ ಬಿಟ್ಟು, ಅದೇ ನೀರನ್ನು ಬಸಿದು ಸಕ್ಕರೆ ಸೇರಿಸಿ ಮತ್ತೆ ಕುದಿಸಿ ತುಂಬುತ್ತಾರೆ. ಮುಚ್ಚಳ ಬಿಗಿದು, ಜಾಡಿಯನ್ನು ತಲೆಕೆಳಗಾಗಿಸಿ, ಕಂಬಳಿ ಹೊದಿಸುತ್ತಾರೆ. ದೃಶ್ಯ ಮುದ್ದಾಗಿದೆ, ಆದರೆ ಜಾಡಿಯ ನಡುವೆ ಎಷ್ಟು ಬಿಸಿ ತಲುಪಿತೆಂಬುದಕ್ಕೆ ಕಂಬಳಿ ಸಾಕ್ಷಿ ಹೇಳುವುದಿಲ್ಲ. ಮುಳುಗಿಸಿ ಕುದಿಸುವುದೇ ಮೇಲು.

ಇನ್ನೊಂದು ಎಚ್ಚರ ಬಣ್ಣದ್ದು. ಹಳದಿ ತಿರುಳಿನ ಪೀಚಿನಲ್ಲಿ ಬೇಕಾದಷ್ಟು ಹುಳಿ ಇರುತ್ತದೆ. ಬಿಳಿ ತಿರುಳಿನದು ತಿನ್ನಲು ಜೇನಿನಂತಿದ್ದರೂ ಅದರ ಪಿಎಚ್ (ಹುಳಿಯ ಅಳತೆ, ಅಂಕಿ ಏರಿದಷ್ಟೂ ಹುಳಿ ಕಡಿಮೆ) 4.6 ದಾಟಬಹುದು. ಅಲ್ಲಿಂದ ಮೇಲೆ ಬೊಟ್ಯುಲಿಸಂ ಎಂಬ, ಪ್ರಾಣಕ್ಕೇ ಎರವಾಗಬಲ್ಲ ವಿಷಬಾಧೆ ತರುವ ಸೂಕ್ಷ್ಮಾಣು ಗಾಳಿಯಿಲ್ಲದ ಜಾಡಿಯಲ್ಲಿ ಹಾಯಾಗಿ ಬೆಳೆಯುತ್ತದೆ, ವಾಸನೆಯಿಂದ ಗೊತ್ತೂ ಆಗದಿರಬಹುದು. ಬಿಳಿಯದನ್ನು ಜಾಡಿಗೆ ಹಾಕಲೇಬೇಡಿ, ಫ್ರಿಜ್ಜಿಗೆ ಸರಿ. ಹೋಳಿನ ನಡುಗುಳಿಯ ಕೆಂಪು ತಿಂಗಳು ಕಳೆದಂತೆ ನೇರಳೆಗೋ ಕಂದಿಗೋ ತಿರುಗುವುದು ಮಾತ್ರ ದೋಷವಲ್ಲ. ನೋಡಲಾಗದವರು ಮೊದಲೇ ಚಮಚದಲ್ಲಿ ಕೆರೆದು ತೆಗೆಯಬಹುದು.

ಹೋಳೆಲ್ಲ ಮುಗಿದ ಮೇಲೆ ತಳದಲ್ಲಿ ಪಾಕ ಉಳಿಯುತ್ತದಲ್ಲ, ಅದಕ್ಕೆ ಎರಡರಷ್ಟು ತಣ್ಣೀರು, ಒಂದು ಹಿಂಡು ನಿಂಬೆ, ಚಿಟಿಕೆ ಏಲಕ್ಕಿಪುಡಿ. ಉಕ್ರೇನಿನವರು ಊಟದ ಜೊತೆ ಲೋಟದಲ್ಲಿ ಕುಡಿಯುವ ಕೊಂಪೋತ್‌ಗೂ ರಾಮನವಮಿಯ ಪಾನಕಕ್ಕೂ ನಡುವಿನದೊಂದು ಆಯಿತು. ಶುಂಠಿ ಹಾಕಬೇಕೇ ಬೇಡವೇ ಎಂಬ ಜಗಳ ಇಲ್ಲಿಗೂ ಬರಬಹುದು.