ನೀರು ಬಿದ್ದಿಲ್ಲ ಎಂದರೆ ಬಿದ್ದಿಲ್ಲ

ನೀರು ಬಿದ್ದಿಲ್ಲ. ಕಾಫಿ ಬಿದ್ದಿಲ್ಲ, ಚಹಾ ಬಿದ್ದಿಲ್ಲ, ಮಳೆಯ ಒಂದು ಹನಿಯೂ ಬಿದ್ದಿಲ್ಲ. ಎಷ್ಟು ಸಲ ಹೇಳಿದರೂ ಸರ್ವಿಸ್ ಸೆಂಟರಿನ ಆ ಹುಡುಗ ತಲೆಯಾಡಿಸಿದನೇ ಹೊರತು ಕಿವಿಗೆ ಹಾಕಿಕೊಳ್ಳಲಿಲ್ಲ. ಮನೆಗೆ ಬಂದು ತಟ್ಟೆಯ ಮುಂದೆ ಕುಳಿತರೆ ಅನ್ನ ಗಂಟಲಲ್ಲಿ ಇಳಿಯುತ್ತಿಲ್ಲ. ಒಂದು ಲಕ್ಷಕ್ಕೂ ಮೇಲೆ ಕೊಟ್ಟು ಕೊಂಡ ಲ್ಯಾಪ್‌ಟಾಪ್, ಕೆಟ್ಟದ್ದು ಒಂದೇ ಒಂದು ಕೀಲಿ. ಅದಕ್ಕಾಗಿ ನಾಲ್ಕು ಜನರೆದುರು ಸುಳ್ಳುಗಾರ್ತಿ ಎನ್ನಿಸಿಕೊಂಡು ಬರಬೇಕಾಯಿತು.

ಎಫ್ ಕೀಲಿ. ‘ನುಡಿ’ ತಂತ್ರಾಂಶದಲ್ಲಿ ಕನ್ನಡ ಬೆರಳಚ್ಚು ಮಾಡುವವರಿಗೆ ಗೊತ್ತು, ಒತ್ತಕ್ಷರ ಮೂಡುವುದೇ ಅದರಿಂದ. ಅದು ಹೋದರೆ ಪ್ರಶ್ನೆಪತ್ರಿಕೆ ‘ಪರಶನೆಪತರಿಕೆ’ ಆಗುತ್ತದೆ. ನಾನು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವಳು. ಮೊದಮೊದಲು ಬಲವಾಗಿ ಒತ್ತಿದರೆ ಬರುತ್ತಿತ್ತು, ಆಮೇಲೆ ಒಮ್ಮೆ ಒತ್ತಿದರೆ ಎರಡೆರಡು ಬೀಳತೊಡಗಿತು, ಈಗ ಜೀವವೇ ಇಲ್ಲ. ಆಂತರಿಕ ಪರೀಕ್ಷೆಯ ಪತ್ರಿಕೆ ಒಪ್ಪಿಸಬೇಕಾದ ವಾರವೇ ಹೀಗಾಗಬೇಕೇ! ಹೋಗಲಿ, ವಾರಂಟಿ ಇನ್ನೂ ಮುಗಿದಿಲ್ಲವಲ್ಲ ಎಂಬ ಧೈರ್ಯದಿಂದಲೇ ಮಂಗಳೂರಿನ ಬಸ್ ಹತ್ತಿದ್ದೆ.

ಟೋಕನ್ ಕರೆದರು, ಹೋದೆ. ಹುಡುಗ ಲ್ಯಾಪ್‌ಟಾಪನ್ನು ಒಳಗೆ ಕೊಂಡೊಯ್ದವನು ಬಹಳ ಹೊತ್ತಿನ ಮೇಲೆ ಬರಿ ಮೊಬೈಲ್ ಹಿಡಿದುಕೊಂಡು ಹೊರಗೆ ಬಂದ. ಒಂದು ಫೋಟೊವನ್ನು ದೊಡ್ಡದು ಮಾಡಿ ನನ್ನ ಮುಖದ ಮುಂದೆ ಹಿಡಿದ. ಯಂತ್ರದೊಳಗಿನ ಬೋರ್ಡಿನ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಕಾಗದದ ಪಟ್ಟಿ, ಅದರ ಒಂದು ಮೂಲೆ ಗುಲಾಬಿ ಬಣ್ಣಕ್ಕೆ ತಿರುಗಿದೆ. “ನೀರು ಬಿದ್ದಿದೆ ಮೇಡಂ, ವಾರಂಟಿ ಅನ್ವಯಿಸುವುದಿಲ್ಲ.” ಏನೂ ಚೆಲ್ಲಿಲ್ಲ ಎಂದೆ. “ಎಲ್ಲರೂ ಹಾಗೆಯೇ ಹೇಳುತ್ತಾರೆ ಮೇಡಂ.” ಮೆಲ್ಲಗಾದರೂ ಹೇಳಿದನೇ? ಕೊನೆಯ ಸಾಲಿನ ಕುರ್ಚಿಗೂ ಕೇಳಿಸುವ ಹಾಗೆ ಹೇಳಿದ. “ಮನೆಯಲ್ಲಿ ಮಕ್ಕಳು ಏನಾದರೂ ಚೆಲ್ಲಿರಬಹುದು, ನೆನಪು ಮಾಡಿಕೊಳ್ಳಿ.” ಮನೆಯಲ್ಲಿ ಇರುವುದು ನಾನು ಮತ್ತು ಅಮ್ಮ ಎಂದೆ. “ಹಾಗಾದರೆ ಅಮ್ಮನವರ ಕೈಯಿಂದ ಆಗಿರಬೇಕು” ಎಂದ! ಎಪ್ಪತ್ತು ದಾಟಿದ ಅಮ್ಮ ನನ್ನ ಮೇಜಿನ ಹತ್ತಿರವೂ ಸುಳಿಯುವವರಲ್ಲ. ಅಲ್ಲಿಲ್ಲದ ಅವರ ಮೇಲೂ ತಪ್ಪು ಹೊರಿಸಿದ.

ಇಷ್ಟನ್ನು ಸಹಿಸಿಕೊಳ್ಳುತ್ತಿದ್ದೆನೇನೋ. ಹಿಂದೆ ಕುಳಿತಿದ್ದ ಹಿರಿಯರೊಬ್ಬರು, ಪಾಪ, ಒಳ್ಳೆಯ ಮನಸ್ಸಿನಿಂದಲೇ, “ಬಿಡಿ ಮೇಡಂ, ಎಲ್ಲರ ಮನೆಯಲ್ಲೂ ಆಗುವುದೇ. ಒಪ್ಪಿಕೊಂಡುಬಿಡಿ, ಬೇಗ ಮುಗಿಯುತ್ತದೆ” ಎಂದರು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ತಪ್ಪು ಮಾಡಿ ಮುಚ್ಚಿಡುತ್ತಿರುವ ಹುಡುಗಿಗೆ ಹೇಳುವಂಥ ಆ ಸಮಾಧಾನಕ್ಕೆ ಏನೆಂದು ಉತ್ತರ ಕೊಡಲಿ? ಕಣ್ಣಲ್ಲಿ ನೀರು ಬಂದುಬಿಟ್ಟಿತು. ಅದನ್ನು ಕಂಡ ಮೇಲಂತೂ ಅಲ್ಲಿದ್ದವರಿಗೆಲ್ಲ ಖಾತ್ರಿಯಾಗಿರಬೇಕು. ‘ಬಿಡಿ ಮೇಡಂ’ ಎಂದ ಆ ದನಿ ಈಗಲೂ ಕಿವಿಯಲ್ಲಿದೆ.

ಅದಾದ ಮೇಲೆ ಹಾಳೆ. ಲ್ಯಾಪ್‌ಟಾಪ್ ವಾಪಸು ಬೇಕಾದರೆ ಸಹಿ ಹಾಕಬೇಕಂತೆ. ದ್ರವದಿಂದ ಹಾನಿಯಾಗಿರುವುದನ್ನು ಗ್ರಾಹಕರು ಒಪ್ಪಿದ್ದಾರೆ ಎಂದು ಇಂಗ್ಲಿಷಿನಲ್ಲಿ ಮೊದಲೇ ಅಚ್ಚಾಗಿತ್ತು. ಅದರ ಕೆಳಗೆ ‘ನಾನು ಒಪ್ಪಿಲ್ಲ’ ಎಂದು ಕನ್ನಡದಲ್ಲಿ ಬರೆದು ಸಹಿ ಹಾಕಿದೆ. ಹುಡುಗ ನೋಡಿದ, ಹಾಳೆಯನ್ನು ಎರಡು ತುಂಡು ಮಾಡಿ ಬುಟ್ಟಿಗೆ ಹಾಕಿದ, ಹೊಸದೊಂದನ್ನು ಮುದ್ರಿಸಿ ತಂದು “ಸಹಿ ಮಾತ್ರ ಹಾಕಿ ಮೇಡಂ” ಎಂದ. ಮರುದಿನ ಬೆಳಿಗ್ಗೆ ತರಗತಿ, ಟಿಪ್ಪಣಿಗಳೆಲ್ಲ ಅದರೊಳಗೆ, ಹೊರಗೆ ಕತ್ತಲಾಗುತ್ತಿತ್ತು. ಹಾಕಿಸಿಕೊಂಡ. ವಸ್ತುವನ್ನು ಒತ್ತೆ ಇಟ್ಟುಕೊಂಡು ಪಡೆದದ್ದನ್ನು ಒಪ್ಪಿಗೆ ಎನ್ನುತ್ತಾರೆಯೇ?

ಆ ಪಟ್ಟಿಯ ಗುಟ್ಟು ಇಷ್ಟೇ: ಮೇಲೆ ಬಿಳಿ ಕಾಗದ, ಒಳಗೆ ಬಣ್ಣ. ನೀರು ತಾಗಿದರೆ ಬಣ್ಣ ಹರಡುತ್ತದೆ. ಒದ್ದೆಯಾಗಿದೆ ಎಂದು ಹೇಳಬಲ್ಲದು, ಆ ಒದ್ದೆ ಎಲ್ಲಿಂದ ಬಂತೆಂದು ಹೇಳಲಾರದು. ಇದು ಕರಾವಳಿ ಸ್ವಾಮಿ! ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಡಬ್ಬಿಯೊಳಗೆ ಉಪ್ಪು ನೀರೊಡೆಯುತ್ತದೆ, ಬೆಂಕಿಕಡ್ಡಿ ಗೀರಿದರೆ ಹತ್ತುವುದಿಲ್ಲ, ಕಪಾಟಿನ ಪುಸ್ತಕಗಳಿಗೆಲ್ಲ ಬೂಷ್ಟು. ಎ.ಸಿ. ಇರುವ ಕೋಣೆಯಿಂದ ಹೊರಗೆ ಕಾಲಿಟ್ಟರೆ ಕನ್ನಡಕ ಮಂಜಾಗುತ್ತದೆ. ಅದೇ ಕೋಣೆಯಲ್ಲಿ ತಣ್ಣಗಾದ ಲೋಹದ ಮೈಯ ಲ್ಯಾಪ್‌ಟಾಪನ್ನು ಹೊರಗೆ ತಂದು ತೆರೆದರೆ ಅದರೊಳಗೂ ಆವಿ ಹನಿಗಟ್ಟಬಹುದಲ್ಲವೇ ಎಂದು ಕೇಳಿದೆ. “ತೇವಕ್ಕೆ ಕೆಂಪಾಗುವುದಿಲ್ಲ ಮೇಡಂ, ನೀರಿಗೆ ಮಾತ್ರ” ಎಂದ. ಹನಿಗಟ್ಟಿದ ಆವಿ ನೀರಲ್ಲದೆ ಮತ್ತೇನು? ಮಾರುವಾಗ ಇಲ್ಲಿ ಮಳೆ ಬರುತ್ತದೆ ಎಂದು ಇವರಿಗೆ ಗೊತ್ತಿರಲಿಲ್ಲವೇ?

ದುರಸ್ತಿಗೆ 34,000 ರೂಪಾಯಿ. ಒಂದು ಕೀಲಿಗೆ! ಕೀಬೋರ್ಡನ್ನು ಮೇಲಿನ ಹೊದಿಕೆಗೆ ರಿವೆಟ್ ಹೊಡೆದು ಕೂರಿಸಿದ್ದಾರಂತೆ, ಅದೇ ಹೊದಿಕೆಯ ಹಿಂಬದಿಗೆ ಬ್ಯಾಟರಿಯನ್ನು ಅಂಟಿಸಿದ್ದಾರಂತೆ. ಹಾಗಾಗಿ ಕೀಲಿ ಬದಲಿಸಬೇಕಾದರೆ ಕೀಬೋರ್ಡ್, ಹೊದಿಕೆ, ಜೊತೆಗೆ ಏನೂ ಆಗದ ಬ್ಯಾಟರಿ, ಎಲ್ಲವೂ ಹೊಸದು. ನನ್ನ ಹಳೆಯ ಲ್ಯಾಪ್‌ಟಾಪಿನ ಕೀಬೋರ್ಡ್ ಹೋದಾಗ ಹಂಪನಕಟ್ಟೆಯ ಒಂದು ಪುಟ್ಟ ಅಂಗಡಿಯಲ್ಲಿ 1,200 ರೂಪಾಯಿಗೆ, ನಾನು ಒಂದು ಲೋಟ ಕಬ್ಬಿನ ಹಾಲು ಕುಡಿದು ಬರುವಷ್ಟರಲ್ಲಿ ಬದಲಿಸಿ ಕೊಟ್ಟಿದ್ದರು. ಸರ್ವಿಸ್ ಸೆಂಟರಿನಿಂದ ಅಲ್ಲಿಗೂ ಹೋದೆ. ಅಂಗಡಿಯವರು ತಿರುಗಿಸಿ ಮುರುಗಿಸಿ ನೋಡಿ, “ಇದನ್ನು ಮುಟ್ಟಿದರೆ ಇನ್ನೇನಾದರೂ ಮುರಿದೀತು ಅಕ್ಕ, ನನ್ನಿಂದ ಆಗದು” ಎಂದು ಕೈಮುಗಿದರು. ಅವರಾದರೂ ನಿಜ ಹೇಳಿದರು.

2008ರ ಜನವರಿಯಲ್ಲಿ ಆಪಲ್ ಕಂಪನಿಯ ಸ್ಟೀವ್ ಜಾಬ್ಸ್ ಕಾಗದದ ಲಕೋಟೆಯೊಳಗಿಂದ ಲ್ಯಾಪ್‌ಟಾಪ್ ಎಳೆದು ತೋರಿಸಿದ ಮೇಲೆ ಎಲ್ಲ ಕಂಪನಿಗಳಿಗೂ ತೆಳುವಿನ ಹುಚ್ಚು ಹಿಡಿಯಿತು. ನನ್ನದು ಅವರ ಕಂಪನಿಯದಲ್ಲ, ಆದರೆ ದಾರಿ ಅದೇ. ತೆಳುವಾಗಲಿ, ಬೇಡವೆಂದವರು ಯಾರು? ಬಿ.ಸಿ. ರೋಡಿನಿಂದ ಬಸ್ಸಿನಲ್ಲಿ ನಿಂತುಕೊಂಡೇ ಬರುವ ನನ್ನ ಹೆಗಲಿಗೆ ಇದರ ಭಾರವೇ ತಿಳಿಯುವುದಿಲ್ಲ. ಪರದೆ ಎಷ್ಟು ನಿಚ್ಚಳವೆಂದರೆ ಹಳೆಯ ಹಸ್ತಪ್ರತಿಯ ಸ್ಕ್ಯಾನ್‌ನಲ್ಲಿ ಅಳಿಸಿದ ಅಕ್ಷರವನ್ನೂ ಓದಬಹುದು. ಸಂಜೆಯವರೆಗೂ ಚಾರ್ಜ್ ಬೇಡ. ಇಷ್ಟಪಟ್ಟೇ ಕೊಂಡೆ, ಈಗಲೂ ಇಷ್ಟವೇ. ಅದಕ್ಕೇ ಹೊಟ್ಟೆ ಉರಿಯುತ್ತದೆ. ಇಷ್ಟು ಚೆನ್ನಾಗಿ ಮಾಡಬಲ್ಲವರಿಗೆ ಒಂದು ಕೀಲಿಯನ್ನು ಬಿಚ್ಚಿ ಹಾಕುವ ಹಾಗೆ ಮಾಡಲು ಬರುವುದಿಲ್ಲವೇ?

ಈಗ ಹೊರಗಿನ ಕೀಬೋರ್ಡ್ ಜೋಡಿಸಿ ಬರೆಯುತ್ತಿದ್ದೇನೆ. ಇರುವುದೇ ಎರಡು ಟೈಪ್-ಸಿ ಕಿಂಡಿ, ಒಂದಕ್ಕೆ ಚಾರ್ಜರ್, ಇನ್ನೊಂದಕ್ಕೆ ಅಡಾಪ್ಟರ್, ಅಡಾಪ್ಟರಿಗೆ ಕೀಬೋರ್ಡ್. ತರಗತಿಯ ಪ್ರೊಜೆಕ್ಟರಿಗೆ ಸೇರಿಸಬೇಕಾದರೆ ಯಾವುದಾದರೂ ಒಂದನ್ನು ಕಿತ್ತು ಹಾಕಬೇಕು. ಹೆಗಲಿನ ಭಾರ ಇಳಿಸಲೆಂದು ಕೊಂಡದ್ದಕ್ಕೆ ಈಗ ಮಾರುದ್ದದ ಕೀಬೋರ್ಡನ್ನೂ ಚೀಲದಲ್ಲಿ ಹೊರುತ್ತಿದ್ದೇನೆ.

ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ಎನ್ನುತ್ತೀರಿ, ಮಾಡಿದ್ದೇನೆ, ದೂರು ದಾಖಲಾಗಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೂ ಗೊತ್ತು, ಐದು ಲಕ್ಷದವರೆಗಿನ ಪ್ರಕರಣಕ್ಕೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಶುಲ್ಕವಿಲ್ಲ ಎಂಬುದೂ ಗೊತ್ತು. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ದುರಸ್ತಿಯ ಹಕ್ಕಿಗೆಂದೇ ಒಂದು ಜಾಲತಾಣ ತೆರೆದಿದೆ, ಅದನ್ನೂ ತಡಕಾಡಿದೆ. ಆದರೆ ಆಯೋಗದ ಮುಂದೆ ಅವರು ಹಿಡಿಯುವುದು ನನ್ನ ಸಹಿ ಇರುವ ಹಾಳೆಯನ್ನು, ಗುಲಾಬಿ ಪಟ್ಟಿಯ ಫೋಟೊವನ್ನು. ನನ್ನ ಕೈಯಲ್ಲಿ ಏನಿದೆ? ಬಿದ್ದಿಲ್ಲ ಎಂಬ ಮಾತು. ಬೀಳದ ನೀರಿಗೆ ಸಾಕ್ಷಿಯನ್ನು ಎಲ್ಲಿಂದ ತರುವುದು? ರಜೆ ಹಾಕಿ ವಾಯಿದೆಯಿಂದ ವಾಯಿದೆಗೆ ಅಲೆಯುವುದಕ್ಕಿಂತ 34,000 ಕೊಟ್ಟು ಕೈತೊಳೆದುಕೊಳ್ಳುವುದೇ ಮೇಲು ಎಂದು ಅಮ್ಮ ಹೇಳುತ್ತಾರೆ. ಸರಿ ಎನ್ನಿಸುತ್ತದೆ. ಸಾಕಾಗಿಹೋಗಿದೆ.

ಇಲ್ಲ, ಕೊಡುವುದಿಲ್ಲ. ಕೊಟ್ಟರೆ ಚೆಲ್ಲಿದವಳು ನಾನೇ ಎಂದು ರಸೀದಿ ಬರೆಸಿಕೊಂಡ ಹಾಗೆ.

ಯಾರಾದರೂ ಉತ್ತರ ಹೇಳಿ. ಕಂಪನಿಯವರೇ, ಯಂತ್ರವನ್ನು ಬಿಚ್ಚಿದರೆ ವಾರಂಟಿ ಹೋಗುತ್ತದೆ ಎಂದು ಹೆದರಿಸುವವರು ನೀವು, ಬಿಚ್ಚದೆ ಕಾಣದ ಜಾಗದಲ್ಲಿ ಪಟ್ಟಿ ಅಂಟಿಸಿದವರೂ ನೀವು. ನನ್ನ ಕೈಗೆ ಕೊಟ್ಟ ದಿನ ಅದು ಬಿಳಿಯಾಗಿತ್ತು ಎಂಬುದಕ್ಕೆ ನಿಮ್ಮ ಹತ್ತಿರ ಫೋಟೊ ಇದೆಯೇ? ಗೋದಾಮಿನಲ್ಲಿ ಎಷ್ಟು ಮಳೆಗಾಲ ಕಳೆದಿತ್ತೋ ನನಗೇನು ಗೊತ್ತು? ಮಂಗಳೂರು, ಉಡುಪಿ, ಕಾರವಾರದ ಸರ್ವಿಸ್ ಸೆಂಟರುಗಳ ಒಳಕೋಣೆಯಲ್ಲಿ ಸ್ಕ್ರೂ ಬಿಚ್ಚುವ ಕೆಲಸದಲ್ಲಿರುವವರು ಇದನ್ನು ಓದುತ್ತಿದ್ದರೆ, ಕಂಪನಿಯ ಹೆಸರೂ ಬೇಡ, ನಿಮ್ಮ ಹೆಸರೂ ಬೇಡ, ಇದೊಂದನ್ನು ಹೇಳಿ ಸಾಕು: ಜುಲೈ ತಿಂಗಳಲ್ಲಿ ನೀವು ಬಿಚ್ಚುವ ಲ್ಯಾಪ್‌ಟಾಪುಗಳಲ್ಲಿ ಆ ಪಟ್ಟಿ ಪೂರ್ತಿ ಬಿಳಿಯಾಗಿಯೇ ಉಳಿದದ್ದು ಎಷ್ಟು?